ಎಲ್ಲರ ಕಿವಿಗೂ ಒಂದೇ ತಂತಿ

ನಾಟಕ ನಡೆಯುವಾಗ ಕಂಟ್ರೋಲ್ ರೂಮಿನಲ್ಲಿ ಲೈಟಿನವರು, ಅವರ ಪಕ್ಕ ಸೌಂಡಿನವರು, ಎಡ ವಿಂಗಿನಲ್ಲಿ ಸ್ಟೇಜ್ ಮ್ಯಾನೇಜರ್, ಬಲ ವಿಂಗಿನಲ್ಲಿ ಸೆಟ್ ಸರಿಸುವ ಹುಡುಗರು, ಪರದೆಯ ಹಗ್ಗದ ಬಳಿ ಒಬ್ಬರು, ಗ್ರೀನ್ ರೂಮಿನ ಬಾಗಿಲಲ್ಲಿ ಇನ್ನೊಬ್ಬರು ಇರುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಆದರೂ ರಾಜನ ಕೈಯಿಂದ ಕತ್ತಿ ಬಿದ್ದ ಕ್ಷಣದಲ್ಲೇ ಬೆಳಕು ಆರಬೇಕು, ನಗಾರಿ ಮೊಳಗಬೇಕು, ಹಿಂದಿನ ಪರದೆ ಇಳಿಯಬೇಕು. ಇವರನ್ನೆಲ್ಲ ಒಂದು ದಾರಕ್ಕೆ ಪೋಣಿಸುವುದು ಇಂಟರ್‌ಕಾಮ್. ಬೆಂಗಳೂರು, ಮೈಸೂರು, ಹುಬ್ಬಳ್ಳಿ–ಧಾರವಾಡದ ಸಭಾಂಗಣಗಳಲ್ಲಿ, ಮಲೆನಾಡಿನ ಊರುಗಳಲ್ಲಿ, ಬಯಲು ವೇದಿಕೆಯ ಉತ್ಸವಗಳಲ್ಲಿ ಈ ಲೈನ್ ಎಳೆಯುವುದು, ಪ್ರದರ್ಶನ ಮುಗಿಯುವತನಕ ಅದನ್ನು ಕಾಯುವುದು ನನ್ನ ಕೆಲಸ. ಅಲ್ಲಿ ಕಲಿತದ್ದರಲ್ಲಿ ಕೆಲವನ್ನು ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಈ ಕಾಲದಲ್ಲೂ ತಂತಿ ಯಾಕೆ ಎಂದು ಸಂಘಟಕರು ಕೇಳುತ್ತಾರೆ. ವಾಕಿಟಾಕಿಯಲ್ಲಿ ಒಬ್ಬರು ಗುಂಡಿ ಒತ್ತಿದ್ದರೆ ಮಿಕ್ಕವರ ಬಾಯಿ ಕಟ್ಟಿದಂತೆಯೇ. ಜೊತೆಗೆ ಒಂದು ಕೈ ಅದಕ್ಕೇ ಮೀಸಲು. ಮೊಬೈಲ್ ಕಾಲ್‌ನಲ್ಲಿ ಮಾತು ತಡವಾಗಿ ಮುಟ್ಟುತ್ತದೆ, ಅದು ಯಾವಾಗ ಕಡಿಯುತ್ತದೆಂದು ಹೇಳಲಾಗದು. ತಂತಿಯ ಇಂಟರ್‌ಕಾಮಿನಲ್ಲಿ ಎಲ್ಲರೂ ಒಟ್ಟಿಗೇ ಮಾತಾಡಬಹುದು, ಒಟ್ಟಿಗೇ ಕೇಳಬಹುದು. ಚಾರ್ಜ್ ಮಾಡುವ ಗೋಜಿಲ್ಲ. ಮೇಲಿನಿಂದ ಭಾರದ ಸೆಟ್ ಇಳಿಯುತ್ತಿರುವಾಗ ಅದರ ಕೆಳಗೆ ಮಗು ಪಾತ್ರಧಾರಿ ಬಂದು ನಿಂತರೆ, ‘ನಿಲ್ಸಿ’ ಎಂಬ ಒಂದು ಮಾತು ಹಗ್ಗ ಹಿಡಿದವನಿಗೆ ತಕ್ಷಣ ಮುಟ್ಟಲೇಬೇಕು. ಈ ಒಂದು ಕಾರಣ ನನಗೆ ಸಾಕು.

ಇಂದು ರಂಗಭೂಮಿಯಲ್ಲಿ ಹೆಚ್ಚಾಗಿ ಕಾಣುವ, ಎಲ್ಲರೂ ಒಂದೇ ಲೈನ್ ಹಂಚಿಕೊಳ್ಳುವ ಪಾರ್ಟಿ ಲೈನ್ ಬಗೆಯ ಇಂಟರ್‌ಕಾಮ್ ರಾಕ್ ಸಂಗೀತದ ಗದ್ದಲದ ನಡುವೆ ರೂಪುಗೊಂಡಿತು. ಕಿವಿಗಡಚಿಕ್ಕುವ ಸ್ಪೀಕರುಗಳ ಪಕ್ಕದಲ್ಲೂ ತಂತ್ರಜ್ಞರಿಗೆ ಪರಸ್ಪರ ಮಾತು ಕೇಳಬೇಕಿತ್ತು. ಬಾಬ್ ಕೋಹೆನ್ ಮತ್ತು ಚಾರ್ಲಿ ಬಟನ್ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಲಿಯರ್‌ಕಾಮ್ ಕಂಪನಿ ಶುರುಮಾಡಿದ್ದು ಇದಕ್ಕಾಗಿಯೇ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಬೆಲ್ಟ್‌ಪ್ಯಾಕ್, ಅದಕ್ಕೊಂದು ಹೆಡ್‌ಸೆಟ್, ಎಲ್ಲವನ್ನೂ ಸಾಲಾಗಿ ಜೋಡಿಸುವ ಸಾಮಾನ್ಯ ಮೈಕ್ ಕೇಬಲ್. ಈ ವಿನ್ಯಾಸ ಅಲ್ಲಿಂದೀಚೆಗೆ ಹೆಚ್ಚು ಬದಲಾಗಿಲ್ಲ.

ಒಳಗೆ ನಡೆಯುವುದನ್ನು ತಿಳಿದುಕೊಂಡರೆ ಅರ್ಧ ತೊಂದರೆ ಕಳೆದಂತೆ. ಕ್ಲಿಯರ್‌ಕಾಮ್ ಪದ್ಧತಿಯಲ್ಲಿ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕನೆಕ್ಟರಿನ ಪಿನ್ 1 ಶೀಲ್ಡ್, ಪಿನ್ 2ರಲ್ಲಿ 30 ವೋಲ್ಟ್ ಡಿಸಿ, ಪಿನ್ 3ರಲ್ಲಿ ಎಲ್ಲರ ಮಾತು. ಟಿವಿ ಸ್ಟುಡಿಯೊಗಳಲ್ಲಿ ಕಾಣಸಿಗುವ ಆರ್‌ಟಿಎಸ್ ಪದ್ಧತಿಯಲ್ಲಿ ಪಿನ್ 2ರಲ್ಲಿ ಪವರ್ ಜೊತೆಗೇ ಒಂದು ಚಾನೆಲ್ಲಿನ ಮಾತು, ಪಿನ್ 3ರಲ್ಲಿ ಎರಡನೆಯ ಚಾನೆಲ್. ಎರಡಕ್ಕೂ ಕನೆಕ್ಟರ್ ಒಂದೇ ಆದ್ದರಿಂದ ಒಂದರ ಬೆಲ್ಟ್‌ಪ್ಯಾಕ್ ಇನ್ನೊಂದರ ಲೈನಿಗೆ ಸಲೀಸಾಗಿ ಕೂರುತ್ತದೆ, ಮಾತು ಮಾತ್ರ ಸರಿಯಾಗಿ ಹೋಗುವುದಿಲ್ಲ. ಬಾಡಿಗೆಗೆ ಸಾಮಾನು ತರಿಸುವಾಗ ಎಲ್ಲ ಪೆಟ್ಟಿಗೆಗಳೂ ಒಂದೇ ಪದ್ಧತಿಯವೇ ಎಂದು ನಾನು ಮೊದಲು ನೋಡುವುದು ಇದಕ್ಕೇ.

ಹೋಗುವ ಮಾತು, ಬರುವ ಮಾತು ಎರಡೂ ಒಂದೇ ಜೋಡಿ ತಂತಿಯಲ್ಲಿವೆ. ಹಾಗಿದ್ದೂ ನಮ್ಮ ಸ್ವರವೇ ನಮ್ಮ ಕಿವಿಗೆ ಅಪ್ಪಳಿಸದಂತೆ ತಡೆಯುವುದು ಬೆಲ್ಟ್‌ಪ್ಯಾಕಿನ ಒಳಗಿನ ಹೈಬ್ರಿಡ್ ಸರ್ಕ್ಯೂಟು. ಹಳೆಯ ಟೆಲಿಫೋನಿನಲ್ಲಿ ಇದ್ದದ್ದೂ ಇಂಥದ್ದೇ. ಅದು ನಮ್ಮ ಸ್ವರವನ್ನು ಬಹುಪಾಲು ಕಳೆದು, ಸ್ವಲ್ಪ ಉಳಿಸುತ್ತದೆ. ಆ ಉಳಿದದ್ದಕ್ಕೆ ಸೈಡ್‌ಟೋನ್ ಎನ್ನುತ್ತಾರೆ. ಲೈನಿನ ಇಂಪೀಡೆನ್ಸ್ ಇಷ್ಟೇ ಇರುತ್ತದೆ ಎಂದು ನಂಬಿಕೊಂಡು ಹೈಬ್ರಿಡ್ ಈ ಲೆಕ್ಕ ಹಾಕುತ್ತದೆ. ಆ ನಂಬಿಕೆಯನ್ನು ಉಳಿಸುವುದು ಟರ್ಮಿನೇಷನ್: ಇಡೀ ಲೈನಿಗೆ ಒಂದೇ ಒಂದು, 200 ಓಮ್, ಸಾಮಾನ್ಯವಾಗಿ ಲೈನಿಗೆ ಪವರ್ ಕೊಡುವ ಮೇನ್ ಸ್ಟೇಷನ್ನಿನ ಒಳಗೆ. ಬೆಲ್ಟ್‌ಪ್ಯಾಕುಗಳ ಇಂಪೀಡೆನ್ಸ್ ತುಂಬ ಹೆಚ್ಚು. ಹಾಗಾಗಿ ನಾಲ್ಕು ಪೆಟ್ಟಿಗೆಯ ಜಾಗದಲ್ಲಿ ಹದಿನಾಲ್ಕು ಹಾಕಿದರೂ ಮಾತಿನ ಮಟ್ಟ ಬಹುತೇಕ ಹಾಗೇ ಇರುತ್ತದೆ. ಟರ್ಮಿನೇಷನ್ ಎರಡಾದರೆ ಮಾತ್ರ ಎಲ್ಲರ ಸ್ವರವೂ ಕುಗ್ಗುತ್ತದೆ, ಒಂದೂ ಇಲ್ಲದಿದ್ದರೆ ಸ್ವರ ಏರಿ ಲೈನ್ ಸಿಳ್ಳೆ ಹಾಕತೊಡಗುತ್ತದೆ.

ದೊಡ್ಡದೊಂದು ಬಯಲು ವೇದಿಕೆಯಲ್ಲಿ ಇದನ್ನು ಚೆನ್ನಾಗಿ ಕಂಡೆ. ಲೈಟಿನವರದು ಒಂದು ಮೇನ್ ಸ್ಟೇಷನ್, ಸೌಂಡಿನವರದು ಇನ್ನೊಂದು. ಎರಡನ್ನೂ ಕೇಬಲ್ಲಿನಿಂದ ನೇರವಾಗಿ ಸೇರಿಸಿದ್ದರು. “ಅಣ್ಣಾ, ನಿಮ್ದು ಯಾರದೂ ಸರಿಯಾಗಿ ಕೇಳಿಸ್ತಿಲ್ಲ” ಎಂದು ಮೂಲೆ ಮೂಲೆಯಿಂದ ದೂರು. ಒಬ್ಬೊಬ್ಬರೂ ತಮ್ಮ ವಾಲ್ಯೂಮ್ ಏರಿಸಿದ್ದರಿಂದ ಗೊರಗೊರ ಸದ್ದೂ ಏರಿತ್ತು. ಒಂದರ ಟರ್ಮಿನೇಷನ್ ಸ್ವಿಚ್ ಆಫ್ ಮಾಡಿದೆವು. ಎರಡು ಪವರ್ ಸಪ್ಲೈಗಳು ಒಂದನ್ನೊಂದು ತಳ್ಳಾಡಬಾರದೆಂದು ನಡುವಿನ ಕೇಬಲ್ಲಿನಲ್ಲಿ ಪಿನ್ 2 ಬಿಡಿಸಿದೆವು. ಮಾತು ತಿಳಿಯಾಯಿತು. ಪಿನ್ 2 ಇಲ್ಲದ ಅಂಥದೊಂದು ಗಿಡ್ಡ ಕೇಬಲ್, ಕೆಂಪು ಟೇಪ್ ಸುತ್ತಿದ್ದು, ಅಲ್ಲಿಂದೀಚೆಗೆ ನನ್ನ ಚೀಲದಲ್ಲಿ ಸದಾ ಇರುತ್ತದೆ.

ಬಣ್ಣದ ಟೇಪಿನ ವಿಷಯವನ್ನು ಇನ್ನೂ ಒತ್ತಿ ಹೇಳಬೇಕು. ನಮ್ಮ ವೇದಿಕೆಗಳಲ್ಲಿ ಮೈಕ್ ಕೇಬಲ್ಲಿಗೂ ಇಂಟರ್‌ಕಾಮಿಗೂ ಅದೇ ಮೂರು ಪಿನ್. ಲೈಟುಗಳನ್ನು ನಿಯಂತ್ರಿಸುವ ಡಿಎಂಎಕ್ಸ್‌ಗೆ ಐದು ಪಿನ್ ಇರಬೇಕೆಂದು ನಿಯಮ ಹೇಳುತ್ತದೆ, ಆದರೆ ಬಾಡಿಗೆಗೆ ಸಿಗುವ ಎಲ್‌ಇಡಿ ಪಾರ್ ಲೈಟುಗಳಲ್ಲಿ ಬಹುಪಾಲು ಮೂರೇ ಪಿನ್. ಕತ್ತಲಲ್ಲಿ ಅವಸರದಿಂದ ಯಾರಾದರೂ ಇಂಟರ್‌ಕಾಮ್ ಕೇಬಲ್ಲನ್ನು ಲೈಟಿಗೆ ಚುಚ್ಚಿದರೆ 30 ವೋಲ್ಟ್ ನೇರವಾಗಿ ಡಿಎಂಎಕ್ಸ್ ಚಿಪ್ಪಿಗೆ ನುಗ್ಗುತ್ತದೆ. ಆ ಚಿಪ್ಪು ಅನುಸರಿಸುವ ಆರ್‌ಎಸ್-485 ಮಾನದಂಡದ ಮಿತಿ 12 ವೋಲ್ಟ್. ಮಿಕ್ಸರಿನ ಮೈಕ್ ಇನ್‌ಪುಟ್ಟಿಗೂ ಇದು ಒಳ್ಳೆಯದಲ್ಲ. ಆದ್ದರಿಂದ ಇಂಟರ್‌ಕಾಮ್ ಕೇಬಲ್ಲುಗಳ ಎರಡೂ ತುದಿಗೆ ಒಂದೇ ಬಣ್ಣದ ಟೇಪ್ ಸುತ್ತಿ, ಆ ಬಣ್ಣ ಬೇರೆ ಯಾವುದಕ್ಕೂ ಬೇಡವೆಂದು ಎಲ್ಲ ತಂಡಗಳಿಗೂ ಮೊದಲೇ ಹೇಳಿಬಿಡುತ್ತೇನೆ. ತುಮಕೂರಿನಿಂದ ಬಂದ ಹುಡುಗನಿಗೂ ತೀರ್ಥಹಳ್ಳಿಯಿಂದ ಬಂದವನಿಗೂ ಬೇರೆ ವಿವರಣೆ ಬೇಕಾಗುವುದಿಲ್ಲ.

ಗುಂಯ್‌ಗುಟ್ಟುವ ಸದ್ದು ಇನ್ನೊಂದು ದೊಡ್ಡ ತಲೆನೋವು. ಅದಕ್ಕೆ ಎರಡು ಮೂಲಗಳಿವೆ, ಮದ್ದೂ ಬೇರೆ ಬೇರೆ. ಡಿಮ್ಮರಿನ ದಪ್ಪ ಕೇಬಲ್ಲಿಗೆ ಒತ್ತಿಕೊಂಡು ಇಂಟರ್‌ಕಾಮ್ ಕೇಬಲ್ ಓಡಿದ್ದರೆ, ಲೈಟು ಅರ್ಧ ಏರಿದಾಗ ಜೀರುಂಡೆಯಂತೆ ಜಿರ್ ಎನ್ನುತ್ತದೆ. ಕೇಬಲ್ ದೂರ ಸರಿಸಬೇಕು, ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಬೇಕು. ಲೈಟು ಆಫ್ ಆದಾಗಲೂ ಹಮ್ ಹಾಗೇ ಉಳಿದರೆ ಗ್ರೌಂಡ್ ಲೂಪನ್ನು ಹುಡುಕಬೇಕು. ಜಿಲ್ಲಾ ಕೇಂದ್ರದ ಒಂದು ಸಭಾಂಗಣದಲ್ಲಿ ಗೋಡೆಯ ಬಾಕ್ಸುಗಳನ್ನು ಬಿಚ್ಚಿ ನೋಡಿದಾಗ ಪ್ರತಿಯೊಂದರಲ್ಲೂ ಪಿನ್ 1ನ್ನು ಲೋಹದ ಬಾಕ್ಸಿಗೆ ಬೆಸೆದಿದ್ದರು. ಬಾಕ್ಸು ಕಟ್ಟಡದ ಅರ್ತಿಂಗಿಗೆ ಸೇರಿತ್ತು. ಇಂಟರ್‌ಕಾಮಿನಲ್ಲಿ ಶೀಲ್ಡ್ ಬರೀ ಕವಚವಾಗಿ ಕೂರುವುದಿಲ್ಲ. ಪವರ್ ಹಿಂತಿರುಗುವ ದಾರಿಯೂ ಅದೇ, ಮಾತು ಹಿಂತಿರುಗುವ ದಾರಿಯೂ ಅದೇ. ಅದು ಅಲ್ಲಲ್ಲಿ ನೆಲ ಮುಟ್ಟಿದರೆ ಕಟ್ಟಡದ ವಿದ್ಯುತ್ತೆಲ್ಲ ಮಾತಿನೊಳಗೆ ಬಂದು ಕೂರುತ್ತದೆ. ಆ ಬೆಸುಗೆಗಳನ್ನು ಬಿಡಿಸುತ್ತ ಹೋದ ಹಾಗೆ ಹಮ್ ಇಳಿಯುತ್ತ ಬಂತು. ಬಾಕ್ಸಿನ ಅರ್ತಿಂಗನ್ನು ಮುಟ್ಟಲಿಲ್ಲ, ಮುಟ್ಟಲೂಬಾರದು.

ದೂರದ ಲೆಕ್ಕ ಹಾಕದೆ ಕೇಬಲ್ ಎಳೆಯಬಾರದು. ಸಾಧಾರಣ ಮೈಕ್ ಕೇಬಲ್ಲಿನ 0.22 ಚದರ ಮಿಲಿಮೀಟರ್ ತಾಮ್ರದ ಎಳೆಗೆ 100 ಮೀಟರಿಗೆ ಸುಮಾರು 8 ಓಮ್ ರೋಧವಿದೆ. ಶೀಲ್ಡ್ ಕೂಡ ಅಷ್ಟೇ ಎಂದಿಟ್ಟುಕೊಂಡರೆ ಹೋಗಿ ಬರಲು 16 ಓಮ್. ಅದರ ತುದಿಗೆ ತಲಾ 40 ಮಿಲಿಆಂಪ್ ಎಳೆಯುವ ಹತ್ತು ಬೆಲ್ಟ್‌ಪ್ಯಾಕ್ ನೇತುಹಾಕಿದರೆ ಆರು ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಕರಗುತ್ತದೆ. ಗಮನ ಸೆಳೆಯಲು ಬೆಲ್ಟ್‌ಪ್ಯಾಕಿನಲ್ಲಿರುವ ಕಾಲ್ ಲೈಟು ಎಲ್ಲರದೂ ಒಟ್ಟಿಗೆ ಹೊತ್ತಿದರೆ ಇನ್ನಷ್ಟು. ಆಗ ತುದಿಯಲ್ಲಿರುವವರ ಮಾತು ಒಡೆಯುತ್ತದೆ, ಫಾಲೋ ಸ್ಪಾಟ್ ಹಿಡಿದವರು ‘ಕಡ್ ಕಡ್ ಅಂತಿದೆ’ ಎನ್ನುತ್ತಾರೆ. ಉದ್ದದ ಓಟಕ್ಕೆ ದಪ್ಪ ಕೇಬಲ್ ಬೇಕು. ಒಂದೇ ಸರಪಳಿ ಎಳೆಯುವ ಬದಲು ಮೇನ್ ಸ್ಟೇಷನ್ನಿನಿಂದ ಎರಡು ಮೂರು ಕವಲು ತೆಗೆದರೆ ಇನ್ನೂ ಒಳ್ಳೆಯದು: ಸರಪಳಿಯ ನಡುವೆ ಒಬ್ಬರು ಕೇಬಲ್ ಕಿತ್ತರೆ ಅಲ್ಲಿಂದ ಮುಂದಿನವರೆಲ್ಲ ಕಿವುಡಾಗುತ್ತಾರೆ, ಕವಲಿನಲ್ಲಿ ಒಂದು ಕೊಂಬೆ ಮಾತ್ರ ಒಣಗುತ್ತದೆ.

ಲೈನ್ ಕೆಟ್ಟಾಗ ದೋಷ ಹುಡುಕುವ ವಿಧಾನವೂ ಈ ಸರಪಳಿಯ ರಚನೆಯಿಂದಲೇ ಬರುತ್ತದೆ. ಒಂದೊಂದೇ ಪೆಟ್ಟಿಗೆ ಬಿಚ್ಚುತ್ತ ಕೂತರೆ ಮೂರನೇ ಬೆಲ್ ಆಗಿಬಿಡುತ್ತದೆ. ಲೈನನ್ನು ನಡುವೆ ಬಿಡಿಸಿ ಯಾವ ಅರ್ಧದಲ್ಲಿ ದೋಷವಿದೆ ನೋಡಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋಗಬೇಕು. ಮಲ್ಟಿಮೀಟರಿನಲ್ಲಿ ಪಿನ್ 1 ಮತ್ತು 2ರ ನಡುವೆ 30ರ ಆಸುಪಾಸು, 1 ಮತ್ತು 3ರ ನಡುವೆ ಸೊನ್ನೆಯ ಹತ್ತಿರ ಇರಬೇಕು. ಕ್ಲಿಯರ್‌ಕಾಮ್ ಪದ್ಧತಿಯಲ್ಲಿ ಕಾಲ್ ಲೈಟನ್ನು ಹೊತ್ತಿಸುವುದು ಮಾತಿನ ತಂತಿಯ ಮೇಲೇ ಹೋಗುವ ಡಿಸಿ ವೋಲ್ಟೇಜು. ಆರ್‌ಟಿಎಸ್‌ನಲ್ಲಿ 20 ಕಿಲೋಹರ್ಟ್ಸ್‌ನ ಕೇಳಿಸದ ಸ್ವರ. ಮಳೆಗಾಲದಲ್ಲಿ ಬಯಲು ವೇದಿಕೆಯ ನೆಲದ ಮೇಲೆ ಬಿದ್ದ ಕನೆಕ್ಟರಿಗೆ ನೀರಿಳಿದು ಪಿನ್ 2ರಿಂದ ಪಿನ್ 3ಕ್ಕೆ ಸೋರತೊಡಗಿದರೆ, ಯಾರೂ ಕರೆಯದೆಯೇ ಎಲ್ಲರ ಲೈಟು ಮಂಕಾಗಿ ಉರಿಯುತ್ತದೆ. ಅದನ್ನು ಕಂಡರೆ ಮೊದಲು ಒದ್ದೆ ಕನೆಕ್ಟರ್ ಹುಡುಕಿ.

ಇನ್ನು ಹೆಡ್‌ಸೆಟ್. ಸಂಘಟಕರು ಬಜೆಟ್ ಉಳಿಸುವುದು ಇಲ್ಲೇ, ಲೈನ್ ಕೈ ಕೊಡುವುದೂ ಇಲ್ಲೇ. ತಂತಿ ಕಿತ್ತುಹೋಗುವುದು ಸಾಮಾನ್ಯವಾಗಿ ಎರಡೇ ಕಡೆ: ನಾಲ್ಕು ಪಿನ್ನಿನ ಕನೆಕ್ಟರಿನ ಕತ್ತಿನಲ್ಲಿ, ಮೈಕಿನ ಕೋಲು ತಿರುಗುವ ಸಂದಿನಲ್ಲಿ. ಒಂದು ಹೆಚ್ಚುವರಿ ಹೆಡ್‌ಸೆಟ್ ಇದ್ದರೆ ತೊಂದರೆ ಬೆಲ್ಟ್‌ಪ್ಯಾಕಿನದೋ ತಲೆಯ ಮೇಲಿನದೋ ಎಂಬುದು ಅರೆನಿಮಿಷದಲ್ಲಿ ಗೊತ್ತಾಗುತ್ತದೆ. ಸ್ಟೇಜ್ ಮ್ಯಾನೇಜರಿಗೆ ಒಂದೇ ಕಿವಿ ಮುಚ್ಚುವುದು ಕೊಡಿ, ಇನ್ನೊಂದು ಕಿವಿ ನಾಟಕ ಕೇಳಬೇಕು. ಸ್ಪೀಕರ್ ಸಾಲಿನ ಪಕ್ಕ ನಿಲ್ಲುವವರಿಗೆ ಎರಡೂ ಕಿವಿ ಮುಚ್ಚುವುದೇ ಆಗಬೇಕು. ಗದ್ದಲ ಕಳೆಯುವ ಮೈಕ್ ತುಟಿಯ ಮೂಲೆಗೆ ಹತ್ತಿರವಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಹಣೆಯ ಮೇಲೆ ಎತ್ತಿಟ್ಟುಕೊಂಡು ಕೂಗುವವರಿಗೆ ನಾನೇ ಹೋಗಿ ಸರಿಮಾಡುತ್ತೇನೆ. ಬೆವರು ಕುಡಿದ ಫೋಮ್ ಬದಲಿಸುವುದು, ಕಿವಿ ಪ್ಯಾಡ್ ಒರೆಸುವುದು ಗೌರವದ ವಿಷಯ. ಕರಾವಳಿಯ ಸೆಕೆಯಲ್ಲಿ ನಿನ್ನೆ ಇನ್ನೊಬ್ಬರು ಹಾಕಿದ್ದನ್ನು ಹಾಗೇ ಕೊಟ್ಟರೆ ಯಾರು ತಾನೇ ಮನಸ್ಸಿಟ್ಟು ಹಾಕಿಕೊಂಡಾರು?

ಸೈಡ್‌ಟೋನ್ ಹೊಂದಿಸುವುದು ನನಗೆ ತುಂಬ ಇಷ್ಟದ ಕೆಲಸ. ಬೆಲ್ಟ್‌ಪ್ಯಾಕಿನಲ್ಲಿ ಅದಕ್ಕೊಂದು ಪುಟ್ಟ ತಿರುಪು ಇರುತ್ತದೆ. ತಮ್ಮ ಸ್ವರ ತಮಗೆ ಕಡಿಮೆ ಕೇಳಿಸಿದರೆ ಮನುಷ್ಯರು ಕೂಗುತ್ತಾರೆ, ಹೆಚ್ಚು ಕೇಳಿಸಿದರೆ ಪಿಸುಗುಟ್ಟುತ್ತಾರೆ. ಮುಂದಿನ ಸಾಲಿನ ಪ್ರೇಕ್ಷಕರಿಗೂ ಕೇಳುವಂತೆ ಮಾತಾಡುವವರಿಗೆ ‘ಮೆಲ್ಲಗೆ ಮಾತಾಡಿ ಸರ್’ ಎಂದು ಹತ್ತು ಸಲ ಹೇಳುವುದಕ್ಕಿಂತ ಆ ತಿರುಪನ್ನು ಕೊಂಚ ತಿರುಗಿಸುವುದು ಮೇಲು. ಹೆಡ್‌ಸೆಟ್ಟನ್ನು ಮೇಜಿನ ಮೇಲೆ ಇಡುವಾಗ ಮೈಕ್ ಆಫ್ ಮಾಡುವುದನ್ನಂತೂ ಎಲ್ಲರಿಗೂ ಕಲಿಸಲೇಬೇಕು. ಇಲ್ಲದಿದ್ದರೆ ಕಿವಿಯ ಸದ್ದು ಮೈಕಿಗೆ ನುಗ್ಗಿ ಇಡೀ ಲೈನ್ ಕಿರುಚುತ್ತದೆ, ಕ್ಯೂ ಕೊಡುವವರ ಮಾತು ಅದರಡಿ ಮುಳುಗುತ್ತದೆ.

ಲೈನ್ ಮೇಲಿನ ಮಾತಿನ ಶಿಸ್ತನ್ನು ತಾಲೀಮಿನ ಮೊದಲ ದಿನವೇ ಕಟ್ಟಿಕೊಳ್ಳಬೇಕು. “ಲೈಟ್ ಹನ್ನೆರಡು, ಸ್ಟ್ಯಾಂಡ್‌ಬೈ” ಎಂದಾಗ ಲೈಟಿನವರು ಮರುತ್ತರ ಕೊಡಬೇಕು. ಕೊಡದಿದ್ದರೆ ಕೇಳಿಲ್ಲವೆಂದೇ ಲೆಕ್ಕ. ನಮ್ಮ ತಂಡಗಳಲ್ಲಿ ‘ಗೋ’ ಎನ್ನುವವರಿದ್ದಾರೆ, ‘ಕೊಡಿ’ ಎನ್ನುವವರಿದ್ದಾರೆ. ಯಾವುದಾದರೂ ಸರಿ, ಕ್ಯೂಗೆ ಇಟ್ಟ ಮಾತನ್ನು ನೀರಿನ ಬಾಟಲಿ ಕೇಳಲು ಬಳಸಬಾರದು. ಕ್ಯೂ ಹತ್ತಿರವಾದಾಗ ಉಳಿದವರೆಲ್ಲ ಮೈಕ್ ಮುಚ್ಚಬೇಕು. ಒಬ್ಬರ ಕೆಮ್ಮು, ಒಬ್ಬರ ಫ್ಯಾನಿನ ಗಾಳಿ ಎಲ್ಲರ ಕಿವಿಗೂ ಹೋಗುವ ವ್ಯವಸ್ಥೆಯಿದು.

ಈಗ ಇದೇ ಬಗೆಯ ಕೇಬಲ್ಲಿನ ಮೇಲೆ ಹಲವು ಚಾನೆಲ್ ಸಾಗಿಸುವ ಡಿಜಿಟಲ್ ಪಾರ್ಟಿ ಲೈನುಗಳು ಬಂದಿವೆ, ವೈರ್‌ಲೆಸ್ ಬೆಲ್ಟ್‌ಪ್ಯಾಕುಗಳೂ ಇವೆ. ಅನುಕೂಲವಿರುವವರು ಬಳಸಲಿ. ಆದರೆ ಬಾಡಿಗೆಗೆ ಸಿಗುವ ಬಹುಪಾಲು ಸಾಮಾನು ಇನ್ನೂ ಅನಲಾಗ್, ಹಳ್ಳಿಯ ತಂಡದ ಕೈಗೆಟಕುವುದೂ ಅದೇ. ಹಾಗಾಗಿ ಹೊಸ ರಂಗಮಂದಿರಗಳನ್ನು ಕಟ್ಟಿಸುವವರಲ್ಲಿ ನನ್ನದೊಂದು ಕೇಳಿಕೆ ಇದೆ. ಎರಡೂ ವಿಂಗು, ಕಂಟ್ರೋಲ್ ರೂಮು, ಗ್ರೀನ್ ರೂಮು, ಪರದೆಯ ಅಟ್ಟ, ಬಾಲ್ಕನಿಯ ಫಾಲೋ ಸ್ಪಾಟ್ ಜಾಗ, ಪ್ರವೇಶದ್ವಾರ, ಇಷ್ಟು ಕಡೆಗೆ ಡಿಮ್ಮರಿನ ಪೈಪಿನಿಂದ ದೂರ ಇಂಟರ್‌ಕಾಮಿಗೆಂದೇ ಪ್ರತ್ಯೇಕ ಪೈಪ್ ಹಾಕಿಸಿ. ಒಳಗೆ ಶೀಲ್ಡ್ ಇರುವ ದಪ್ಪ ಎಳೆಯ ಎರಡು ಜೋಡಿ ಇರಲಿ. ಗೋಡೆಯ ಬಾಕ್ಸಿನಲ್ಲಿ ಪಿನ್ 1 ಲೋಹಕ್ಕೆ ತಾಗದಂತೆ ಕನೆಕ್ಟರ್ ಕೂರಿಸಿ, ಮೇಲೆ ‘ಇಂಟರ್‌ಕಾಮ್, 30 ವೋಲ್ಟ್’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ.