ಟ್ಯಾಂಕನ್ನು ನೀನೇ ಅಳೆದು ನೋಡು, ತಂಗೀ

ಅಂಡಮಾನಿಗೆ ಹೊರಡುವ ಮೊದಲು ನೈಟ್ರಾಕ್ಸ್ ಕೋರ್ಸ್ ಮುಗಿಸಿಕೊಳ್ಳುತ್ತೇನೆ ಅಂದೆಯಲ್ಲ, ಕೇಳಿ ಸಂತೋಷವಾಯಿತು. ಆದರೆ ಅದರ ಬೆನ್ನಿಗೇ ನೀನು ಆಡಿದ ಇನ್ನೊಂದು ಮಾತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ‘ಆಮ್ಲಜನಕ ಜಾಸ್ತಿ ಇದ್ದರೆ ಇನ್ನೂ ಆಳಕ್ಕೆ ಹೋಗಬಹುದು ಅಲ್ಲವಾ?’ ಎಂದು ಕೇಳಿದೆ. ಹೋಗಬಾರದು, ತಂಗೀ. ನೈಟ್ರಾಕ್ಸ್ ಟ್ಯಾಂಕ್ ಬೆನ್ನಿಗೇರಿದರೆ ನೀನು ಇಳಿಯಬಹುದಾದ ಆಳ ಕಡಿಮೆಯಾಗುತ್ತದೆ. ಉಳಿದದ್ದೆಲ್ಲ ಮರೆತರೂ ಇದೊಂದು ನೆನಪಿನಲ್ಲಿ ಇರಲಿ ಎಂದು ಈ ಕಾಗದ ಬರೆಯುತ್ತಿದ್ದೇನೆ.

ಗಾಳಿಯಲ್ಲಿ ಶೇ 21ರಷ್ಟು ಆಮ್ಲಜನಕ, ಉಳಿದದ್ದು ಬಹುಪಾಲು ಸಾರಜನಕ ಎಂಬುದು ನಿನಗೆ ಗೊತ್ತು. ಡೈವ್ ಸೆಂಟರುಗಳಲ್ಲಿ ಸಿಗುವ ನೈಟ್ರಾಕ್ಸ್‌ನಲ್ಲಿ ಸಾಮಾನ್ಯವಾಗಿ ಶೇ 32 ಅಥವಾ ಶೇ 36 ಆಮ್ಲಜನಕ ಇರುತ್ತದೆ. ಅದು ಹೆಚ್ಚಿದಷ್ಟೂ ಸಾರಜನಕ ಕಡಿಮೆ. ದೇಹಕ್ಕೆ ಸಾರಜನಕದಿಂದ ಉಪಯೋಗವಿಲ್ಲ. ನೀರಿನ ಒತ್ತಡಕ್ಕೆ ಅದು ರಕ್ತಕ್ಕೂ ಮಾಂಸಖಂಡಕ್ಕೂ ಕೊಬ್ಬಿಗೂ ಇಳಿದು ಕೂತಿರುತ್ತದೆ. ಅವಸರದಲ್ಲಿ ಮೇಲೆದ್ದರೆ ಗುಳ್ಳೆಯಾಗಿ ಕೀಲಿನಲ್ಲೋ ಬೆನ್ನುಹುರಿಯಲ್ಲೋ ತೊಂದರೆ ಕೊಡುತ್ತದೆ. ನಾವು ಬೆಂಡ್ಸ್ ಎನ್ನುವುದು ಇದನ್ನೇ. ಶೇ 32 ಉಸಿರಾಡುತ್ತ 18 ಮೀಟರಿನಲ್ಲಿದ್ದರೆ, ಸಾರಜನಕದ ಮಟ್ಟಿಗೆ ನಿನ್ನ ದೇಹ ಬರೀ ಗಾಳಿಯಲ್ಲಿ 14 ಮೀಟರಿನಲ್ಲಿ ಇದ್ದಂತೆ. 30 ಮೀಟರಿನಲ್ಲಿದ್ದರೆ ಸುಮಾರು ಇಪ್ಪತ್ತನಾಲ್ಕೂವರೆ ಮೀಟರಿನಲ್ಲಿ ಇದ್ದಂತೆ. ಸಾರಜನಕದ ಮಿತಿ ದಾಟದೆ ಎಷ್ಟು ಹೊತ್ತು ಇರಬಹುದು ಎಂದು, ಡೈವಿಂಗ್ ಕಲಿಸುವ ಸಂಸ್ಥೆ ಪ್ಯಾಡಿಯ ಹಳೆಯ ಕೋಷ್ಟಕ ತೆರೆದು ನೋಡು. ಗಾಳಿಯಲ್ಲಿ 18 ಮೀಟರಿಗೆ 56 ನಿಮಿಷ, 14ಕ್ಕೆ 98 ನಿಮಿಷ. 30 ಮೀಟರಿಗೆ 20 ನಿಮಿಷ, 25ಕ್ಕೆ 29 ನಿಮಿಷ. ನೈಟ್ರಾಕ್ಸ್ ನಿನಗೆ ಕೊಡುವುದು ಈ ಹೆಚ್ಚುವರಿ ನಿಮಿಷಗಳನ್ನು. ದಿನಕ್ಕೆ ಮೂರು ನಾಲ್ಕು ಡೈವ್ ಮಾಡುವವರಿಗೆ ಅದು ಸಣ್ಣ ಲಾಭವೇನಲ್ಲ. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾದಲ್ಲಿ ಮಾರ್ಗನ್ ವೆಲ್ಸ್ 1970ರ ದಶಕದಲ್ಲಿ ಶೇ 32ರ ಮಿಶ್ರಣಕ್ಕೆ ಕ್ರಮ ರೂಪಿಸಿದ್ದೂ, ತಮ್ಮ ವಿಜ್ಞಾನಿಗಳು ನೀರಿನ ತಳದಲ್ಲಿ ಹೆಚ್ಚು ಹೊತ್ತು ಕೆಲಸ ಮಾಡಲಿ ಎಂದೇ. ಅದೇ ಸಂಸ್ಥೆಯಲ್ಲಿದ್ದ ಡಿಕ್ ರುಟ್ಕೋವ್ಸ್ಕಿ 1985ರಲ್ಲಿ ಇದನ್ನು ಹವ್ಯಾಸಿಗಳಿಗೂ ಕಲಿಸಲು ಹೊರಟಾಗ ಡೈವಿಂಗ್ ಲೋಕದ ಹಲವರು ‘ಮಾಟದ ಗಾಳಿ’ ಎಂದು ಹೆದರಿಸಿದರು. ಆ ಹೆದರಿಕೆ ಅತಿಯಾಗಿತ್ತು. ಈಗಿನವರ ನಿರಾತಂಕವೂ ಅತಿಯಾಗಿದೆ ಎನ್ನುವುದು ನನ್ನ ಅಭಿಪ್ರಾಯ.

ಏಕೆಂದರೆ ಆಮ್ಲಜನಕಕ್ಕೂ ಒಂದು ಮಿತಿ ಇದೆ. ಒತ್ತಡ ಹೆಚ್ಚಿದಾಗ ಅದು ಮಿದುಳಿಗೆ ವಿಷವಾಗುತ್ತದೆ. ಫ್ರಾನ್ಸಿನ ಪಾಲ್ ಬೆರ್ 1878ರಲ್ಲೇ ಇದನ್ನು ಬರೆದಿಟ್ಟ. ಲೆಕ್ಕ ಕಷ್ಟದ್ದಲ್ಲ. ನೀರಿನ ಮೇಲೆ ಒತ್ತಡ 1 ಬಾರ್. ಪ್ರತಿ 10 ಮೀಟರಿಗೆ ಇನ್ನೊಂದು ಬಾರ್ ಸೇರುತ್ತದೆ. 30 ಮೀಟರಿನಲ್ಲಿ 4 ಬಾರ್. ಅದನ್ನು 0.32ರಿಂದ ಗುಣಿಸಿದರೆ ಆಮ್ಲಜನಕದ ಪಾಲು 1.28 ಬಾರ್. ಹವ್ಯಾಸಿ ಡೈವಿಂಗಿನಲ್ಲಿ ಈ ಪಾಲು 1.4 ದಾಟಬಾರದು. 1.6 ಎನ್ನುವುದು ತುರ್ತಿಗೆಂದು ಮೀಸಲಿಟ್ಟ ಅಂಚು. ಅಲ್ಲಿಗೆ ಹೋಗುವ ಯೋಜನೆಯನ್ನೇ ಹಾಕಬಾರದು. ಹಾಗಾಗಿ ಶೇ 32ಕ್ಕೆ ನಿನ್ನ ನೆಲ 33 ಮೀಟರ್ ಚಿಲ್ಲರೆ, ಶೇ 36ಕ್ಕೆ 29ಕ್ಕೂ ಸ್ವಲ್ಪ ಕಡಿಮೆ. ಬರೀ ಗಾಳಿಯಲ್ಲಾದರೆ ಇದೇ 1.4 ಬರುವುದು 56 ಮೀಟರಿನ ಹತ್ತಿರ. ಹವ್ಯಾಸಿಗಳ ಗಡಿ 40 ಮೀಟರಿಗೇ ಮುಗಿಯುವುದರಿಂದ ಗಾಳಿಯಲ್ಲಿ ಡೈವ್ ಮಾಡುವಾಗ ನೀನು ಆಮ್ಲಜನಕದ ಬಗ್ಗೆ ಯೋಚಿಸಿರಲೇ ಇಲ್ಲ. ಇನ್ನು ಯೋಚಿಸಬೇಕು.

ಸಾರಜನಕದ ಮಿತಿ ದಾಟಿದರೆ ಸಾಮಾನ್ಯವಾಗಿ ನೋವು ಮೇಲೆ ಬಂದ ಮೇಲೆ ಶುರುವಾಗುತ್ತದೆ. ಕೈಯಲ್ಲಿ ಆಮ್ಲಜನಕದ ಕಿಟ್ ಇರುತ್ತದೆ, ಸುತ್ತ ಜನ ಇರುತ್ತಾರೆ, ಒತ್ತಡದ ಕೋಣೆಗೆ ಸಾಗಿಸಲು ದಾರಿ ಇರುತ್ತದೆ. ಆಮ್ಲಜನಕದ ಮಿತಿ ದಾಟಿದರೆ ಫಿಟ್ಸ್ ಬರುವುದು ನೀರಿನ ಒಳಗೇ. ಬಾಯಿಂದ ರೆಗ್ಯುಲೇಟರ್ ಜಾರುತ್ತದೆ, ಆಮೇಲೆ ಮುಳುಗುವುದೊಂದೇ ಬಾಕಿ. ಕಣ್ಣಿಗೆ ಸುರಂಗದಂತೆ ಕಾಣುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಹೊಟ್ಟೆ ತೊಳಸುವುದು, ತುಟಿ ಅದುರುವುದು, ಕಾರಣವಿಲ್ಲದೆ ಸಿಡಿಮಿಡಿ, ತಲೆ ತಿರುಗುವುದು ಎಂದು ಮುನ್ಸೂಚನೆಗಳ ಪಟ್ಟಿಯನ್ನು ಕೋರ್ಸಿನಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಕಲಿತುಕೋ. ಅವುಗಳಲ್ಲಿ ಯಾವುದಾದರೂ ಕಾಣಿಸಿದರೆ ಸಂಗಾತಿಗೆ ಸನ್ನೆ ಮಾಡಿ ಕೂಡಲೇ ಮೇಲಕ್ಕೆ ಬಾ. ಆದರೆ ಒಂದೂ ಸೂಚನೆ ಇಲ್ಲದೆ ನೇರ ಫಿಟ್ಸೇ ಬರಬಹುದು. ಪಟ್ಟಿಯನ್ನು ನಂಬಿ ಆಳದ ಜೊತೆ ಸಲುಗೆ ಬೇಡ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಕೆನೆತ್ ಡೊನಾಲ್ಡ್ ಈ ವಿಷಯದಲ್ಲಿ ಮಾಡಿದ ಪ್ರಯೋಗಗಳನ್ನು ನಾನು ಎಲ್ಲ ಹೊಸಬರಿಗೂ ಹೇಳುತ್ತೇನೆ. ಅವರು ಒಬ್ಬನೇ ಮುಳುಗುಗಾರನನ್ನು ಮೂರು ತಿಂಗಳ ಅವಧಿಯಲ್ಲಿ ಇಪ್ಪತ್ತು ಸಲ ಒಂದೇ ಆಳದಲ್ಲಿ, 70 ಅಡಿಯಲ್ಲಿ, ಶುದ್ಧ ಆಮ್ಲಜನಕ ಉಸಿರಾಡಿಸಿ ನೋಡಿದರು. ಒಂದು ದಿನ 7 ನಿಮಿಷಕ್ಕೇ ವಿಷದ ಲಕ್ಷಣ ಕಾಣಿಸಿತು. ಇನ್ನೊಂದು ದಿನ ಅದೇ ಮನುಷ್ಯ 148 ನಿಮಿಷ ತಾಳಿದ. ಒಣ ಕೋಣೆಯಲ್ಲಿ ಇರುವವನಿಗಿಂತ ನೀರಿನಲ್ಲಿ ಇರುವವನಿಗೆ, ಸುಮ್ಮನೆ ಇರುವವನಿಗಿಂತ ದುಡಿಯುವವನಿಗೆ ಅಪಾಯ ಬೇಗ ಎಂಬುದನ್ನೂ ಅವರು ಕಂಡುಕೊಂಡರು. ‘ಹೋದ ಸಲ 36 ಮೀಟರಿಗೆ ಇಳಿದಿದ್ದೆ, ಏನೂ ಆಗಲಿಲ್ಲ’ ಎಂದು ದೋಣಿಯಲ್ಲಿ ಕೂತು ಹೇಳುವವರು ನಿನಗೆ ಖಂಡಿತ ಸಿಗುತ್ತಾರೆ. ಆ ಮಾತು ಕೇಳಿದಾಗ ಈ 7 ಮತ್ತು 148 ನೆನಪಾಗಲಿ. ಪ್ರವಾಹದ ಎದುರು ಕಾಲು ಬಡಿಯುತ್ತ ಏದುಸಿರು ಬಿಡುವುದು, ಗಾಳಿ ಉಳಿಸಲೆಂದು ಉಸಿರು ಹಿಡಿದು ಹಿಡಿದು ಬಿಡುವುದು, ಎರಡರಿಂದಲೂ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಅದರ ಜೊತೆಗೆ ಅಪಾಯವೂ ಏರುತ್ತದೆ. ಶೀತಕ್ಕೆಂದು ಅಂಗಡಿಯಲ್ಲಿ ಕೇಳಿ ಪಡೆಯುವ ಮಾತ್ರೆಗಳಲ್ಲಿ ಕೆಲವಕ್ಕೆ ಸೂಡೋಎಫೆಡ್ರಿನ್ ಬೆರೆಸಿರುತ್ತಾರೆ. ನೈಟ್ರಾಕ್ಸ್ ಜೊತೆ ಅದರ ಮೇಲೂ ಶಂಕೆ ಇದೆ. ಮೂಗು ಕಟ್ಟಿದ್ದರೆ ಆ ದಿನ ನೀರಿಗೇ ಇಳಿಯಬೇಡ.

ಈಗ ಟ್ಯಾಂಕಿನ ಮಾತಿಗೆ ಬರುತ್ತೇನೆ. ನಾನು ಹೇಳಬೇಕಾದದ್ದರಲ್ಲಿ ಇದೇ ಮುಖ್ಯ.

ಟ್ಯಾಂಕಿನಲ್ಲಿ ಎಷ್ಟು ಆಮ್ಲಜನಕ ಇದೆ ಎಂಬುದು ನೋಡಿದರೆ ತಿಳಿಯದು, ಮೂಸಿದರೆ ತಿಳಿಯದು, ಉಸಿರೆಳೆದರೂ ತಿಳಿಯದು. ಹಸಿರು–ಹಳದಿ ಪಟ್ಟಿ ಇದ್ದರೆ ಅದು ನೈಟ್ರಾಕ್ಸ್ ಟ್ಯಾಂಕ್ ಎಂದಷ್ಟೇ ಅರ್ಥ. ಒಳಗೆ ಎಷ್ಟಿದೆ ಎಂದು ಆ ಬಣ್ಣ ಹೇಳುವುದಿಲ್ಲ. ಶೇ 32 ಎಂದು ನಂಬಿ 33 ಮೀಟರಿಗೆ ಇಳಿದೆ, ಒಳಗಿದ್ದದ್ದು ಶೇ 40 ಎಂದಿಟ್ಟುಕೋ. 4.3ನ್ನು 0.4ರಿಂದ ಗುಣಿಸು. 1.72. ತುರ್ತಿನ ಅಂಚನ್ನೂ ದಾಟಿ ನಿಂತಿರುತ್ತೀಯ, ನಿನ್ನ ಕಂಪ್ಯೂಟರ್ ಮಾತ್ರ ಎಲ್ಲ ಸರಿ ಇದೆ ಎಂದೇ ತೋರಿಸುತ್ತಿರುತ್ತದೆ. ತುಂಬಿಸುವ ಹುಡುಗ ರಾತ್ರಿ ನಿದ್ದೆಗೆಟ್ಟಿರಬಹುದು, ಎರಡು ಟ್ಯಾಂಕ್ ಅದಲು ಬದಲಾಗಿರಬಹುದು, ಹಿಂದಿನ ದಿನದ ಚೀಟಿ ಹಾಗೇ ಉಳಿದಿರಬಹುದು. ಯಾರದೂ ಕೆಟ್ಟ ಉದ್ದೇಶ ಬೇಕಿಲ್ಲ.

ಆದ್ದರಿಂದ ಅನಲೈಸರ್ ಕೈಗೆ ತೆಗೆದುಕೊಂಡು ನೀನೇ ಅಳೆ. ಮೊದಲು ಅದನ್ನು ಹೊರಗಿನ ಗಾಳಿಗೆ ಹಿಡಿದು 20.9ಕ್ಕೆ ಹೊಂದಿಸಿಕೋ. ಟ್ಯಾಂಕಿನ ವಾಲ್ವನ್ನು ನಿಧಾನ ತೆರೆ. ಗಾಳಿ ರಭಸದಿಂದ ಬಂದರೆ ಅಂಕಿ ತಪ್ಪು ಬರುತ್ತದೆ. ಅಂಕಿ ಓಡಾಡುವುದನ್ನು ಬಿಟ್ಟು ಒಂದು ಕಡೆ ನಿಲ್ಲುವ ತನಕ ಕಾಯಿ. ಒಳಗಿನ ಸೆನ್ಸರ್ ಬ್ಯಾಟರಿಯ ಹಾಗೆ ಸವೆಯುವ ವಸ್ತು, ಗಾಳಿಯಲ್ಲೇ 20.9ಕ್ಕೆ ನಿಲ್ಲದೆ ಜಾರುತ್ತಿದ್ದರೆ ಬೇರೆ ಅನಲೈಸರ್ ಕೇಳು. ಬಂದ ಅಂಕಿ, ಅದಕ್ಕೆ ಸರಿಯಾದ ಗರಿಷ್ಠ ಆಳ, ದಿನಾಂಕ, ನಿನ್ನ ಹೆಸರು, ಇಷ್ಟನ್ನು ಟೇಪಿನ ಮೇಲೆ ಬರೆದು ಟ್ಯಾಂಕಿಗೆ ಅಂಟಿಸು. ಡೈವ್ ಸೆಂಟರಿನ ಪುಸ್ತಕದಲ್ಲಿ ಸಹಿ ಹಾಕು. ಆಮೇಲೆ ಆ ಟ್ಯಾಂಕ್ ನಿನ್ನದು, ದೋಣಿಯಲ್ಲಿ ಅದನ್ನು ಯಾರಾದರೂ ಅತ್ತಿತ್ತ ಇಟ್ಟರೂ ಹುಡುಕಿ ಅದನ್ನೇ ತೆಗೆದುಕೊಳ್ಳಬೇಕು.

ಇಲ್ಲಿ ನಮ್ಮ ಕಡೆಯ ಮಕ್ಕಳಿಗೆ ಒಂದು ತೊಡಕು ಇದೆ, ಅದನ್ನು ನಾನು ಬಹಳ ಸಲ ನೋಡಿದ್ದೇನೆ. ಕಲಿಸಿದವರನ್ನು, ವಯಸ್ಸಿನಲ್ಲಿ ಹಿರಿಯರನ್ನು ಪ್ರಶ್ನಿಸಬಾರದು ಎಂದು ನಿಮ್ಮನ್ನು ಬೆಳೆಸಿರುತ್ತೇವೆ. ಬೆಳಿಗ್ಗೆ ಆರೂವರೆಗೆ ದೋಣಿ ಹೊರಡುವ ಗಡಿಬಿಡಿ, ಎಲ್ಲರೂ ಸೂಟ್ ಹಾಕಿಕೊಂಡು ಕೂತಿದ್ದಾರೆ, ಡೈವ್ ಮಾಸ್ಟರ್ ‘ಎಲ್ಲ 32, ನಾನೇ ನೋಡಿದ್ದೇನೆ’ ಅನ್ನುತ್ತಾನೆ. ಆಗ ‘ಸರ್, ನಾನೂ ಒಂದ್ಸಲ ನೋಡ್ತೀನಿ’ ಎಂದು ಬಾಯಿ ಬಿಡುವುದು ಎಷ್ಟು ಕಷ್ಟ ಎಂದು ಬಲ್ಲೆ. ಅವನನ್ನು ನಂಬದೆ ಇದ್ದಂತಾಗುತ್ತದೆ ಎನ್ನಿಸುತ್ತದೆ. ಹಾಗೇನೂ ಇಲ್ಲ. ಅಳೆಯುವುದು ನಿನ್ನ ಹೊಣೆ ಎಂದು ಅವನೇ ನಿನಗೆ ಕಲಿಸಿದ್ದು. ಒಳ್ಳೆಯ ಡೈವ್ ಮಾಸ್ಟರ್ ಮುಖ ಗಂಟಿಕ್ಕುವುದಿಲ್ಲ, ಅನಲೈಸರನ್ನು ತಾನೇ ತಂದು ಕೈಗಿಡುತ್ತಾನೆ. ಮುಖ ಗಂಟಿಕ್ಕುವವನ ಜೊತೆ ನೈಟ್ರಾಕ್ಸ್ ಡೈವ್ ಮಾಡಬೇಡ. ಗಾಳಿಯ ಟ್ಯಾಂಕ್ ಕೇಳು, ಅದೂ ಇಲ್ಲದಿದ್ದರೆ ಆ ಡೈವನ್ನೇ ಬಿಟ್ಟುಬಿಡು. ಕೊಟ್ಟ ದುಡ್ಡು ಹೋದರೆ ಹೋಗಲಿ.

ಅಳೆದ ಅಂಕಿಯನ್ನು ಕಂಪ್ಯೂಟರಿಗೆ ಹಾಕುವುದು ಮುಂದಿನ ಕೆಲಸ. ಕೆಲವು ಕಂಪ್ಯೂಟರುಗಳು ಒಂದು ಡೈವ್ ಮುಗಿದು ಸ್ವಲ್ಪ ಹೊತ್ತಾದರೆ ಹಳೆಯ ಸೆಟ್ಟಿಂಗಿಗೆ ತಾವೇ ಮರಳುತ್ತವೆ. ಹಾಗಾಗಿ ಪ್ರತಿ ಟ್ಯಾಂಕಿಗೂ ಹೊಸದಾಗಿ ಹಾಕು, ಆಮ್ಲಜನಕದ ಮಿತಿ 1.4ಕ್ಕೇ ಇದೆಯಾ ನೋಡು, ಆಳದ ಅಲಾರಂ ಇಟ್ಟುಕೋ. ನನ್ನ ವಯಸ್ಸಿನವರು ಹಲವರು ಇನ್ನೊಂದು ದಾರಿ ಹಿಡಿದಿದ್ದೇವೆ. ಟ್ಯಾಂಕಿನಲ್ಲಿ ನೈಟ್ರಾಕ್ಸ್, ಕಂಪ್ಯೂಟರಿನಲ್ಲಿ ಗಾಳಿ. ಹೆಚ್ಚುವರಿ ನಿಮಿಷ ಸಿಗುವುದಿಲ್ಲ, ಬದಲಿಗೆ ಬೆಂಡ್ಸ್‌ನಿಂದ ಇನ್ನಷ್ಟು ದೂರ ಇರುತ್ತೇವೆ. ಇದು ಒಳ್ಳೆಯ ಅಭ್ಯಾಸ ಎಂದೇ ನನ್ನ ನಂಬಿಕೆ. ಆದರೆ ಆಗ ಕಂಪ್ಯೂಟರ್ ಆಮ್ಲಜನಕದ ಎಚ್ಚರಿಕೆ ಕೊಡುವುದಿಲ್ಲ, ಗರಿಷ್ಠ ಆಳವನ್ನು ತಲೆಯಲ್ಲಿ ಹೊತ್ತುಕೊಂಡೇ ಇಳಿಯಬೇಕು. ಮೊದಲ ವರ್ಷ ನೀನು ಹಾಗೆ ಮಾಡುವುದು ಬೇಡ. ಇದ್ದದ್ದನ್ನು ಇದ್ದ ಹಾಗೇ ಹಾಕು.

ಅಂಡಮಾನಿನ ಸ್ವರಾಜ್ ದ್ವೀಪದಲ್ಲಿ ನಿನ್ನನ್ನು ಡಿಕ್ಸನ್ಸ್ ಪಿನಕಲ್‌ಗೆ ಕರೆದೊಯ್ಯಬಹುದು. ಸಮುದ್ರದ ತಳದಿಂದ ಎದ್ದ ಬಂಡೆಗೋಪುರಗಳು. ತುದಿ ಸುಮಾರು 18 ಮೀಟರಿನಲ್ಲಿ, ಬುಡ 35ರ ಆಸುಪಾಸಿನಲ್ಲಿ. ಲೆಕ್ಕ ಹಾಕಿದೆಯಾ? ಬುಡ ನಿನ್ನ ಶೇ 32ರ ನೆಲಕ್ಕಿಂತ ಕೆಳಗಿದೆ. ನೀರು ತಿಳಿಯಾಗಿದ್ದ ದಿನ ಬುಡದ ಮರಳಿನವರೆಗೂ ಕಣ್ಣಿಗೆ ಕಾಣುತ್ತದೆ, ಎರಡು ಮೀಟರ್ ಕೆಳಗೆ ಯಾವುದೋ ಮೀನು ಕ್ಯಾಮೆರಾಗೆ ಕರೆಯುತ್ತದೆ. ಅಲ್ಲಿ ನೈಟ್ರಾಕ್ಸ್ ಹಿಡಿದು ಹೋಗುವವಳಿಗೆ ಮಿಶ್ರಣದ ಜ್ಞಾನಕ್ಕಿಂತ ತೇಲುವಿಕೆಯ ಹಿಡಿತ ಮುಖ್ಯ. ಇದ್ದಲ್ಲೇ ಅರ್ಧ ಮೀಟರ್ ಅತ್ತಿತ್ತ ಆಗದಂತೆ ನಿಲ್ಲಲು ಬಾರದಿದ್ದರೆ ಕ್ಯಾಮೆರಾವನ್ನು ದೋಣಿಯಲ್ಲೇ ಬಿಟ್ಟು ಇಳಿ. ಸಂಗಾತಿಯ ಟ್ಯಾಂಕಿನಲ್ಲಿ ಗಾಳಿ ಇದ್ದರೆ ಅವನಿಗೆ ನಿನಗಿಂತ ಆಳ ಹೆಚ್ಚು, ಸಮಯ ಕಡಿಮೆ. ಇಬ್ಬರ ಲೆಕ್ಕದಲ್ಲಿ ಯಾವುದು ಬಿಗಿಯೋ ಅದೇ ಇಬ್ಬರಿಗೂ ಎಂದು ಇಳಿಯುವ ಮೊದಲೇ ಮಾತಾಡಿಕೊಳ್ಳಿ. ಮುಂದೆಂದಾದರೂ ಮಾಲ್ಡೀವ್ಸ್‌ಗೆ ಹೋದರೆ, ಅಲ್ಲಿ ಕಾನೂನೇ ಹವ್ಯಾಸಿಗಳಿಗೆ 30 ಮೀಟರಿನ ಗಡಿ ಹಾಕಿದೆ, ಶೇ 32 ಹಿತವಾಗಿ ಹೊಂದುತ್ತದೆ. ಆದರೆ ದೋಣಿಯಲ್ಲೇ ವಾರಗಟ್ಟಲೆ ಇದ್ದು ದಿನಕ್ಕೆ ನಾಲ್ಕು ಸಲ ಮುಳುಗುವಾಗ ಆಮ್ಲಜನಕದ ಒಟ್ಟು ಲೆಕ್ಕವನ್ನೂ ನೋಡುತ್ತಿರಬೇಕು. ನೋವಾದ ಪ್ರಕಾರ 1.4 ಬಾರಿನಲ್ಲಿ ಒಂದು ಡೈವಿಗೆ 150 ನಿಮಿಷ, 24 ಗಂಟೆಗೆ 180 ನಿಮಿಷ. 1.6ರಲ್ಲಾದರೆ ಒಂದು ಡೈವಿಗೆ ಬರೀ 45.

ನೈಟ್ರಾಕ್ಸ್‌ನಿಂದ ಆಳದಲ್ಲಿ ತಲೆಗೇರುವ ಅಮಲು ಇಳಿಯುತ್ತದೆ ಎಂಬುದನ್ನು ನಂಬಬೇಡ. ಟ್ಯಾಂಕ್ ಹೆಚ್ಚು ಹೊತ್ತು ಬರುತ್ತದೆ ಎಂಬುದಂತೂ ಶುದ್ಧ ಸುಳ್ಳು. ನೀನು ಎಳೆದಷ್ಟೂ ಖಾಲಿಯಾಗುತ್ತದೆ.

ನಮ್ಮ ನೇತ್ರಾಣಿ ದ್ವೀಪಕ್ಕೆ ಬರುತ್ತೀಯಲ್ಲ, ಅಲ್ಲಿ ಹೊಸಬರು ಮಾಡುವ ಡೈವುಗಳಿಗೆ ಗಾಳಿ ಸಾಕು. ಹತ್ತು ಹನ್ನೆರಡು ಮೀಟರಿನಲ್ಲಿ ಸಾರಜನಕದ ಮಿತಿ ಮುಟ್ಟುವ ಮೊದಲೇ ಟ್ಯಾಂಕ್ ಮುಗಿದಿರುತ್ತದೆ, ನೈಟ್ರಾಕ್ಸಿಗೆ ಅಲ್ಲಿ ದುಡ್ಡು ಸುರಿಯುವುದು ದಂಡ. ಆದರೆ ಗಾಳಿಯಾಗಲಿ ನೈಟ್ರಾಕ್ಸ್ ಆಗಲಿ, ಮುರುಡೇಶ್ವರದಿಂದ ಬೆಂಗಳೂರಿಗೆ ವಾಪಸು ಹೋಗುವ ದಾರಿಯ ಬಗ್ಗೆ ಯಾರೂ ಮಾತಾಡುವುದಿಲ್ಲ. ವಿಮಾನ ಏರುವ ಮೊದಲು ಒಂದು ಡೈವ್ ಆಗಿದ್ದರೆ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ಕಾಯಬೇಕು ಎಂಬ ನಿಯಮ ಎಲ್ಲರಿಗೂ ಗೊತ್ತು. ಆ ನಿಯಮ ಅನ್ವಯವಾಗುವುದು ವಿಮಾನದೊಳಗಿನ ಒತ್ತಡ 600 ಮೀಟರ್ ಎತ್ತರದಿಂದ ಮೇಲಿನದಕ್ಕೆ ಸಮನಾಗಿದ್ದಾಗ. ಬೆಂಗಳೂರು ಇರುವುದೇ ಸುಮಾರು 900 ಮೀಟರಿನಲ್ಲಿ. ರೈಲು ಸಕಲೇಶಪುರದ ಘಟ್ಟ ಏರುತ್ತದೆ, ಬಸ್ಸು ಗೇರುಸೊಪ್ಪೆಯದೋ ಇನ್ನೊಂದೋ ಘಟ್ಟ ಏರುತ್ತದೆ. ಭಾನುವಾರ ಮಧ್ಯಾಹ್ನ ಎರಡನೇ ಡೈವ್ ಮುಗಿಸಿ, ಅದೇ ರಾತ್ರಿ ಬಸ್ ಹತ್ತಿ, ಸೋಮವಾರ ಬೆಳಿಗ್ಗೆ ಆಫೀಸಿನಲ್ಲಿ ಕೂರುವ ಹುಡುಗ ಹುಡುಗಿಯರನ್ನು ನೋಡಿದರೆ ನನಗೆ ಆತಂಕವಾಗುತ್ತದೆ. ನೈಟ್ರಾಕ್ಸ್ ಬಳಸಿದೆ ಎಂದು ಆ ಗಂಟೆಗಳನ್ನು ಕಡಿಮೆ ಮಾಡಿಕೊಳ್ಳುವಂತಿಲ್ಲ. ಶುಕ್ರವಾರ ಬಾ, ಶನಿವಾರ ಡೈವ್ ಮಾಡು, ಭಾನುವಾರ ದೇವಸ್ಥಾನ, ಕಡಲ ದಂಡೆ ಎಂದು ಸುತ್ತಾಡಿ ಸಂಜೆ ಹೊರಡು.

ಹೊರಟ ಮೇಲೆ ಭುಜವೋ ಮೊಣಕೈಯೋ ನೋಯುತ್ತಿದ್ದರೆ, ಕಾಲು ಜುಮ್ಮೆನ್ನುತ್ತಿದ್ದರೆ, ಬಸ್ಸಿನ ಸೀಟಿನ ಮೇಲೆ ತಪ್ಪು ಹೊರಿಸಿ ಮಾತ್ರೆ ನುಂಗಿ ಮಲಗಬೇಡ. ಡೈವರ್ಸ್ ಅಲರ್ಟ್ ನೆಟ್‌ವರ್ಕಿನ ತುರ್ತು ಸಂಖ್ಯೆಯನ್ನು ಈಗಲೇ ಫೋನಿನಲ್ಲಿ ಉಳಿಸಿಕೋ, ಮೊದಲ ಕರೆ ಅವರಿಗೆ ಮಾಡು. ಹತ್ತಿರದ ಆಸ್ಪತ್ರೆಗೆ ಹೋಗಿ ಶುದ್ಧ ಆಮ್ಲಜನಕ ಕೇಳು. ಯಾವ ಹೊತ್ತಿಗೆ, ಎಷ್ಟು ಆಳಕ್ಕೆ, ಯಾವ ಮಿಶ್ರಣದಲ್ಲಿ ಇಳಿದಿದ್ದೆ ಎಂದು ವೈದ್ಯರು ಕೇಳುವ ಮೊದಲೇ ಹೇಳು. ನಮ್ಮ ಊರುಗಳ ಡಾಕ್ಟರಿಗೆ ಇದು ದಿನನಿತ್ಯ ಬರುವ ಕಾಯಿಲೆಯಲ್ಲ. ಲಾಗ್ ಪುಸ್ತಕ, ಕಂಪ್ಯೂಟರ್ ಎರಡನ್ನೂ ಲಗೇಜಿನ ತಳದಲ್ಲಿ ತುರುಕದೆ ಕೈಚೀಲದಲ್ಲೇ ಇಟ್ಟುಕೋ.