ಮಾತ್ರೆಯ ಕೆಲಸ ತಿಳಿದು ನುಂಗು

ನೋಡು ಮಗಾ, ಈ ವಯಸ್ಸಿಗೇ ಶುಗರ್ ಬಂತಲ್ಲ ಅಂತ ಕೊರಗಬೇಡ. ನಮ್ಮ ಹಳೇಬೀಡಿನಲ್ಲಿ ಮಾತ್ರೆ ನುಂಗುವವರಿಗೇನು ಬರವಿಲ್ಲ. ಆದರೆ ಯಾವ ಮಾತ್ರೆ ಯಾತಕ್ಕೆ ಅಂತ ಕೇಳಿ ತಿಳಿದುಕೊಂಡವರು ಕಮ್ಮಿ. ನನಗಿರುವ ಸಂಕಟ ಅದೇ.

ನಿನ್ನ ಚೀಟಿಯಲ್ಲಿ ಎರಡಿವೆ. ಮೊದಲನೆಯದು ಮೆಟ್‌ಫಾರ್ಮಿನ್ 500. ನಾವು ಉಣ್ಣದಿದ್ದರೂ ಲಿವರ್ ರಾತ್ರಿಯಿಡೀ ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ; ಈ ಕಾಯಿಲೆಯಲ್ಲಿ ಅದು ಮಿತಿ ಮೀರುತ್ತದೆ. ಖಾಲಿ ಹೊಟ್ಟೆಯಲ್ಲೂ ಶುಗರ್ ಹೆಚ್ಚು ಬರುವುದಕ್ಕೆ ಅದೂ ಒಂದು ಕಾರಣ. ಅದಕ್ಕೆ ಕಡಿವಾಣ ಹಾಕುವುದು ಈ ಮಾತ್ರೆ. ಶುರುವಿನಲ್ಲಿ ಹೊಟ್ಟೆ ತೊಳಸಬಹುದು, ಭೇದಿಯೂ ಆಗಬಹುದು. ಊಟದ ಜೊತೆ ತಗೊಂಡರೆ ಎಷ್ಟೋ ವಾಸಿ. ಹೆಸರಿನ ಪಕ್ಕ ‘ಎಸ್‌ಆರ್’ ಅಂತಿದ್ದರೆ ಅಗಿಯಬೇಡ, ಪುಡಿ ಮಾಡಬೇಡ. ನಿಧಾನವಾಗಿ ಔಷಧಿ ಬಿಡಲೆಂದೇ ಅದನ್ನು ಹಾಗೆ ಮಾಡಿರುತ್ತಾರೆ.

ಎರಡನೆಯದು ಗ್ಲಿಮೆಪಿರೈಡ್. ನನಗೆ ಭಯವಿರುವುದು ಇದರದ್ದೇ. ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುವುದು ಇದರ ಕೆಲಸ. ನೀನು ಉಂಡೆಯೋ ಇಲ್ಲವೋ ಅಂತ ಅದು ನೋಡುವುದಿಲ್ಲ. ಕಾರ್ತಿಕ ಸೋಮವಾರ ಉಪವಾಸವಿದ್ದು, ಇದನ್ನು ನುಂಗಿ ಹೊಯ್ಸಳೇಶ್ವರನ ಗುಡಿಗೆ ಬೈಕ್ ಹತ್ತಿದರೆ? ಕೈ ನಡುಗುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಕಣ್ಣು ಮಂಜಾಗುತ್ತದೆ. ಹಾಗಾದ ತಕ್ಷಣ ಗಾಡಿ ನಿಲ್ಲಿಸಿ ಮೂರು ಚಮಚ ಗ್ಲೂಕೋಸ್ ಪುಡಿಯನ್ನೋ ಸಕ್ಕರೆಯನ್ನೋ ನೀರಿಗೆ ಹಾಕಿ ಕುಡಿ. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿ, ಆಮೇಲೆ ಊಟ ಮಾಡು. ಒಂದು ಪೊಟ್ಟಣ ಜೇಬಿನಲ್ಲೇ ಇರಲಿ. ಉಪವಾಸದ ದಿನ ಯಾವುದನ್ನು ಬಿಡಬೇಕು, ಎಷ್ಟು ತಗೋಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊ.

ಪಕ್ಕದ ಮನೆಯವರ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದಂತೆ ಅಂತ ತಂದು ನುಂಗುವ ಚಾಳಿ ಮಾತ್ರ ಬೇಡಪ್ಪ. ಒಂದೊಂದು ಮಾತ್ರೆಯ ಕೆಲಸ ಒಂದೊಂದು ಥರ. ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅದು ಕಿಡ್ನಿಯ ಮೂಲಕ ನಡೆಯುವ ಕೆಲಸ. ವೋಗ್ಲಿಬೋಸ್ ಕರುಳಿನಲ್ಲಿ ಪಿಷ್ಟ ಕರಗುವುದನ್ನು ತಡಮಾಡುತ್ತದೆ. ಯಾರ ಮೈಗೆ ಯಾವುದು ಅಂತ ಪರೀಕ್ಷೆ ಮಾಡಿ ಕೊಡುತ್ತಾರೆ. ಮಾತ್ರೆಯಿದೆ ಅಂತ ಮುದ್ದೆಯ ಗಾತ್ರವನ್ನೂ ಹೆಚ್ಚಿಸಬೇಡ. ರಾಗಿಯಲ್ಲೂ ಪಿಷ್ಟವೇ ಇರುವುದು.

ಶುಗರ್ ನಾರ್ಮಲ್ ಬಂತು ಅಂತ ಎಷ್ಟೋ ಜನ ಮಾತ್ರೆ ನಿಲ್ಲಿಸಿಬಿಡುತ್ತಾರೆ. ನಾರ್ಮಲ್ ಬಂದದ್ದೇ ಮಾತ್ರೆಯಿಂದ! ಒಂದು ದಿನದ ಲೆಕ್ಕ ನಂಬಬೇಡ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸು. ದುಡ್ಡಿಗೆ ಕಷ್ಟವಾದರೆ ಜನೌಷಧಿ ಕೇಂದ್ರದಲ್ಲಿ ಇದೇ ಔಷಧಿಗಳು ಅಗ್ಗಕ್ಕೆ ಸಿಗುತ್ತವೆ. ವರ್ಷಕ್ಕೊಮ್ಮೆ ಕಿಡ್ನಿ ಪರೀಕ್ಷೆಯಾಗಲಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ವಿಟಮಿನ್ ಬಿ12 ಇಳಿಯುವುದುಂಟು. ಪಾದ ಜೋಮು ಹಿಡಿದರೆ ಅದನ್ನೂ ನೋಡಿ ಅಂತ ಬಾಯಿ ಬಿಟ್ಟು ಕೇಳು.