ಅವಸರದ ದಿನಕ್ಕೆ ಧಾನ್ಯವಿಲ್ಲದ ಅಡಿಗೆ



ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಹಲವರು ಕಲಬುರಗಿ, ಯಾದಗಿರಿ, ರಾಯಚೂರು, ಬೀದರ ಕಡೆಯವರು. ಮಣಿಕೊಂಡ, ಪುಪ್ಪಾಲಗೂಡ, ನಾರ್ಸಿಂಗಿಗಳಲ್ಲಿ ಏಳುತ್ತಿರುವ ಎತ್ತರದ ಕಟ್ಟಡಗಳಲ್ಲಿ ಗಾರೆ, ಕಬ್ಬಿಣ, ಬಣ್ಣದ ಕೆಲಸ ಮಾಡುವವರುಂಟು, ಕಾವಲುಗಾರರುಂಟು, ಅಂಗಡಿ, ಕಚೇರಿಗಳಲ್ಲಿ ಲೆಕ್ಕ ಬರೆಯುವವರುಂಟು. ಕೆಲಸ ಯಾವುದೇ ಇರಲಿ, ಒಂದು ತೊಂದರೆ ಎಲ್ಲರಿಗೂ ಸಮಾನ. ರಾತ್ರಿ ಒಂಬತ್ತು ಗಂಟೆಗೆ ಕೋಣೆ ಸೇರಿದ ಮೇಲೆ ಹಿಟ್ಟು ನಾದಿ ರೊಟ್ಟಿ ಬಡಿಯುವ ತ್ರಾಣ ಉಳಿದಿರುವುದಿಲ್ಲ. ಆಗ ಹೋಟೆಲಿನಿಂದ ಬಿರಿಯಾನಿಯ ಪೊಟ್ಟಣ ಬರುತ್ತದೆ, ಇಲ್ಲವೇ ಚಹಾ ಬಿಸ್ಕೀಟಿನಲ್ಲಿ ರಾತ್ರಿ ಕಳೆಯುತ್ತದೆ. ಮೊದಲನೆಯದರಿಂದ ಊರಿಗೆ ಕಳಿಸಬೇಕಾದ ಹಣ ಕರಗುತ್ತದೆ. ಎರಡನೆಯದರಿಂದ ಮೈ ಕರಗುತ್ತದೆ.

ಅಡಿಗೆಯಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಯಾವುದೆಂದು ಸ್ವಲ್ಪ ಯೋಚಿಸಿರಿ. ಎಸರಿಟ್ಟು, ಹಿಟ್ಟು ಕಲಸಿ, ನಾದಿ, ಒಂದೊಂದಾಗಿ ಬಡಿದು ಬೇಯಿಸುವ ರೊಟ್ಟಿಗೆ ಮುಕ್ಕಾಲು ಗಂಟೆ ಬೇಕು. ಅದಕ್ಕೆ ಹಚ್ಚಿಕೊಳ್ಳುವ ಜುಣಕಕ್ಕೆ, ಕಾಳಿನ ಪಲ್ಯಕ್ಕೆ ಹದಿನೈದು ನಿಮಿಷ ಸಾಕು. ಹಾಗಾದರೆ ಅವಸರದ ದಿನ ರೊಟ್ಟಿಯನ್ನು ಬಿಟ್ಟು, ಹಚ್ಚಿಕೊಳ್ಳುವುದನ್ನೇ ಹೊಟ್ಟೆ ತುಂಬ ಉಣ್ಣಬಾರದೇಕೆ? ಈ ಪಾಠದ ತಿರುಳು ಇಷ್ಟೇ. ಇದು ರೊಟ್ಟಿಯನ್ನು ನಿಂದಿಸುವ ಲೇಖನವಲ್ಲ. ವಾರದಲ್ಲಿ ಎರಡು ಮೂರು ರಾತ್ರಿ ಅದಕ್ಕೆ ರಜೆ ಕೊಡುವ ಕ್ರಮವನ್ನು ತಿಳಿಸುವುದಷ್ಟೇ ಉದ್ದೇಶ.

ಧಾನ್ಯವೆಂದರೆ ಯಾವುದು?

ಮೊದಲು ಮಾತನ್ನು ಸರಿಯಾಗಿ ತಿಳಿಯೋಣ. ಅಕ್ಕಿ, ಜೋಳ, ಗೋಧಿ, ರಾಗಿ, ಸಜ್ಜೆ, ನವಣೆ ಇವು ಹುಲ್ಲಿನ ಜಾತಿಯ ಗಿಡಗಳ ಬೀಜಗಳು. ಇವಕ್ಕೆ ಏಕದಳ ಧಾನ್ಯವೆಂದು ಹೆಸರು. ತೊಗರಿ, ಹೆಸರು, ಕಡಲೆ, ಉದ್ದು, ಮಡಕೆ, ಹುರುಳಿ, ಅಲಸಂದೆ ಇವು ಎರಡಾಗಿ ಒಡೆಯುವ ಕಾಳುಗಳು, ಅಂದರೆ ದ್ವಿದಳ ಧಾನ್ಯ. ಶುಭಕಾರ್ಯಗಳಲ್ಲಿ ಇಡುವ ನವಧಾನ್ಯವನ್ನೇ ನೋಡಿರಿ. ಸಾಮಾನ್ಯವಾಗಿ ಅದರಲ್ಲಿ ಭತ್ತ, ಗೋಧಿ ಎರಡು ಮಾತ್ರ ಏಕದಳ. ತೊಗರಿ, ಹೆಸರು, ಕಡಲೆ, ಅವರೆ, ಉದ್ದು, ಹುರುಳಿ ಕಾಳುಗಳು, ಎಳ್ಳು ಎಣ್ಣೆಬೀಜ. ಈ ಲೇಖನದಲ್ಲಿ ‘ಧಾನ್ಯವಿಲ್ಲದ’ ಎಂದರೆ ಏಕದಳ ಧಾನ್ಯವಿಲ್ಲದ ಎಂದರ್ಥ. ಕಾಳು, ಬೇಳೆ, ಶೇಂಗಾ, ಸೊಪ್ಪು, ಗೆಡ್ಡೆ, ಮೊಟ್ಟೆ, ಮಜ್ಜಿಗೆ ಎಲ್ಲವೂ ಉಂಟು.

ಇಲ್ಲಿ ಹಲವರು ತಪ್ಪುವುದುಂಟು. ಒಪ್ಪತ್ತಿನ ದಿನ ‘ಅನ್ನ ಬಿಟ್ಟಿದ್ದೇನೆ’ ಎಂದು ಉಪ್ಪಿಟ್ಟು ತಿನ್ನುತ್ತೇವೆ. ಉಪ್ಪಿಟ್ಟಿನ ರವೆ ಗೋಧಿಯದು. ಅವಲಕ್ಕಿ, ಚುರುಮುರಿ ಅಕ್ಕಿಯವು. ಶ್ಯಾವಿಗೆ, ಬ್ರೆಡ್ಡು, ಬಿಸ್ಕೀಟು ಗೋಧಿಯವು. ಸಾಬೂದಾಣಿ ಮಾತ್ರ ಮರಗೆಣಸಿನದು, ಧಾನ್ಯವಲ್ಲ. ಆದರೆ ಅದರಲ್ಲಿರುವುದು ಬರೀ ಪಿಷ್ಟ. ಹೊಟ್ಟೆ ತುಂಬುತ್ತದೆ, ಮೈಗೆ ಕಸುವು ಕಟ್ಟುವುದಿಲ್ಲ.

ಬೇಳೆ ತಿಂದರೆ ಹೊಟ್ಟೆ ತುಂಬೀತೇ?

ಇದು ನ್ಯಾಯವಾದ ಪ್ರಶ್ನೆ. ತೂಕಕ್ಕೆ ತೂಕ ಹೋಲಿಸಿ ನೋಡೋಣ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಶಕ್ತಿ, ಸುಮಾರು 8 ಗ್ರಾಂ ಪ್ರೋಟೀನು ಇದೆ. ನೂರು ಗ್ರಾಂ ತೊಗರಿಬೇಳೆಯಲ್ಲಿ ಶಕ್ತಿ ಹೆಚ್ಚು ಕಡಮೆ ಅಷ್ಟೇ. ಪ್ರೋಟೀನು ಮಾತ್ರ 22 ಗ್ರಾಂನಷ್ಟು. ಜೊತೆಗೆ ಕಾಳುಗಳಲ್ಲಿ ನಾರು ಹೆಚ್ಚಿರುವುದರಿಂದ ಬೇಗ ಹಸಿವಾಗುವುದಿಲ್ಲ. ಬೇಳೆಯನ್ನು ನೀರು ಮಾಡಿ ಸಾರೆಂದು ಸುರಿದುಕೊಳ್ಳುವುದು ನಮ್ಮ ರೂಢಿ. ಗಟ್ಟಿಯಾಗಿ ಮಾಡಿ ತಟ್ಟೆಯ ನಡುವೆ ಹಾಕಿಕೊಂಡರೆ ಅದೇ ಊಟ.

ರಾಷ್ಟ್ರೀಯ ಪೋಷಣ ಸಂಸ್ಥೆ ನಮ್ಮ ಹೈದರಾಬಾದಿನ ತಾರ್ನಾಕದಲ್ಲಿಯೇ ಇದೆ. 1918ರಲ್ಲಿ ಕೂನೂರಿನಲ್ಲಿ ಸಣ್ಣದಾಗಿ ಆರಂಭವಾಗಿ 1958ರಲ್ಲಿ ಈ ನಗರಕ್ಕೆ ಬಂದ ಸಂಸ್ಥೆ ಅದು. 2024ರಲ್ಲಿ ಅದು ಪ್ರಕಟಿಸಿದ ಆಹಾರ ಸೂಚನೆಗಳಲ್ಲಿ, ನಮ್ಮ ಜನ ದಿನದ ಶಕ್ತಿಯ ಅರ್ಧದಿಂದ ನೂರಕ್ಕೆ ಎಪ್ಪತ್ತರ ವರೆಗಿನ ಪಾಲನ್ನು ಧಾನ್ಯದಿಂದಲೇ ಪಡೆಯುತ್ತಿದ್ದಾರೆ, ಅದು ನೂರಕ್ಕೆ ನಲವತ್ತೈದನ್ನು ಮೀರದಿರುವುದು ಒಳ್ಳೆಯದು ಎಂದಿದೆ. ಬೇಳೆಕಾಳು, ತರಕಾರಿ ಹೆಚ್ಚಬೇಕು ಎಂಬುದು ಅದರ ಸಲಹೆ.

ಇದು ಹೊಸ ಮಾತೂ ಅಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅಕ್ಕಿ ಗೋಧಿಗಳಿಗೆ ಅಭಾವವಿತ್ತು. 1950ರಿಂದ 1952ರ ವರೆಗೆ ಕೇಂದ್ರದ ಆಹಾರ ಸಚಿವರಾಗಿದ್ದವರು ಕೆ. ಎಂ. ಮುನ್ಶಿ. ಆ ಕಾಲದಲ್ಲಿ ಲೀಲಾವತಿ ಮುನ್ಶಿಯವರು ಮುಂದೆ ನಿಂತು, ಧಾನ್ಯ ಬಳಸದ ತಿಂಡಿಗಳನ್ನು ಬಡಿಸುವ ‘ಅನ್ನಪೂರ್ಣ’ ಉಪಾಹಾರಗೃಹಗಳನ್ನು ಮಹಿಳೆಯರಿಂದ ನಡೆಸಿದರು. 1965ರಲ್ಲಿ ಪ್ರಧಾನಿ ಲಾಲಬಹಾದುರ ಶಾಸ್ತ್ರಿಗಳು ವಾರಕ್ಕೊಂದು ಹೊತ್ತಿನ ಊಟ ಬಿಡಿರೆಂದು ಜನರನ್ನು ಕೇಳಿಕೊಂಡರು. ಅಂದು ಧಾನ್ಯವಿಲ್ಲದೆ ಬಿಡಬೇಕಾಯಿತು. ಇಂದು ಧಾನ್ಯಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ನಮ್ಮ ಹೊತ್ತಿಗೆ.

ಕೊಳ್ಳುವ ಕ್ರಮ

ಅಂಗಡಿಯಲ್ಲಿ ಕನ್ನಡದ ಹೆಸರು ಹೇಳಿದರೆ ತಿಳಿಯದೆ ಹೋಗಬಹುದು. ಆದ್ದರಿಂದ ಇಲ್ಲಿಯ ತೆಲುಗು ಹೆಸರುಗಳನ್ನು ಕೊಟ್ಟಿದೆ. ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಬಹುದು.

ತೊಗರಿಬೇಳೆ – ಕಂದಿಪಪ್ಪು
ಹೆಸರುಕಾಳು – ಪೆಸಲು
ಕಡಲೆಕಾಳು – ಶನಗಲು
ಕಡಲೆಹಿಟ್ಟು – ಶನಗಪಿಂಡಿ
ಹುರುಳಿ – ಉಲವಲು
ಅಲಸಂದೆ – ಬೊಬ್ಬರ್ಲು
ಶೇಂಗಾ – ಪಲ್ಲೀಲು
ಪುಂಡಿ – ಪುಂಟಿಕೂರ ಅಥವಾ ಗೋಂಗೂರ
ಮೆಂತ್ಯದ ಸೊಪ್ಪು – ಮೆಂತಿಕೂರ
ಗೆಣಸು – ಚಿಲಗಡದುಂಪ
ಮಡಕೆಕಾಳು – ಹಿಂದಿಯಲ್ಲಿ ‘ಮಟಕಿ’ ಎಂದರೆ ಕೊಡುತ್ತಾರೆ

ಬೇಳೆಯ ಮಿಲ್ಲಿನಲ್ಲಿ ಲೆಕ್ಕ ಬರೆಯುವವನಾದ್ದರಿಂದ ಎರಡು ಮಾತು ಹೇಳಬಲ್ಲೆ. ಹೊಳಪಿಗೆ ಮರುಳಾಗಬೇಡಿರಿ. ತೊಗರಿಬೇಳೆಗೆ ಮೆರುಗು ಕೊಡುವುದು ನೋಟಕ್ಕಾಗಿ. ಅದರಿಂದ ಸತ್ವವೂ ರುಚಿಯೂ ಹೆಚ್ಚುವುದಿಲ್ಲ. ಎರಡನೆಯದು, ಬೇಳೆ ಒಡೆಯುವಾಗ ತುಂಡಾದದ್ದನ್ನು ಜರಡಿಯಲ್ಲಿ ಬೇರೆ ಮಾಡಿ ಕಡಮೆ ದರಕ್ಕೆ ಮಾರುತ್ತಾರೆ. ಬೇಗಂ ಬಜಾರದಂಥ ಸಗಟು ಪೇಟೆಯಲ್ಲಿ ‘ತುಂಡು ಬೇಳೆ’ ಎಂದು ವಿಚಾರಿಸಿರಿ. ಇಡೀ ಬೇಳೆಗಿಂತ ಬೇಗ ಬೇಯುತ್ತದೆ. ಹೊತ್ತೂ ಅನಿಲವೂ ಉಳಿಯುತ್ತವೆ. ನಾಲ್ವರು ಒಂದು ಕೋಣೆಯಲ್ಲಿರುವವರು ಕೂಡಿ ತಿಂಗಳಿಗೊಮ್ಮೆ ತಂದರೆ ಇನ್ನೂ ಅನುಕೂಲ. ನಮ್ಮ ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಊರಿಗೆ ಹೋದವರು ಬರುವಾಗ ಐದು ಕಿಲೋ ಹೊತ್ತು ತಂದರೆ ಶ್ರಮ ವ್ಯರ್ಥವಲ್ಲ.

ಸೊಪ್ಪು ತರಕಾರಿಗೆ ಮೆಹದಿಪಟ್ಟಣದ ರೈತು ಬಜಾರವಿದೆ. ರೈತರೇ ನೇರವಾಗಿ ಮಾರುವ ಈ ಬಜಾರುಗಳ ಏರ್ಪಾಡು 1999ರಲ್ಲಿ ಆರಂಭವಾಯಿತು.

ರಜೆಯ ದಿನದ ಸಿದ್ಧತೆ

ರಜೆಯ ದಿನ ಒಂದು ಗಂಟೆ ಕೊಟ್ಟರೆ ವಾರದ ಅರ್ಧ ಕೆಲಸ ಮುಗಿದಂತೆ.

ಶೇಂಗಾ ಹಿಂಡಿ: ಕಾಲು ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಎರಡು ಚಮಚ ಕೆಂಪು ಖಾರದ ಪುಡಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಉಪ್ಪು ಸೇರಿಸಿ ತರಿಯಾಗಿ ಕುಟ್ಟಿರಿ. ಒಣಗಿದ ಡಬ್ಬಿಯಲ್ಲಿಟ್ಟರೆ ಎರಡು ವಾರ ಕೆಡುವುದಿಲ್ಲ.

ಮೊಳಕೆ ಕಾಳು: ಮಡಕೆ ಇಲ್ಲವೇ ಹೆಸರನ್ನು ರಾತ್ರಿ ನೆನೆ ಹಾಕಿ, ಬೆಳಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿರಿ. ಮರುದಿನಕ್ಕೆ ಮೊಳಕೆ ಬಂದಿರುತ್ತದೆ. ಫ್ರಿಜ್ಜಿಲ್ಲದವರು ಒಂದು ದಿನಕ್ಕೆ ಬೇಕಾದಷ್ಟನ್ನೇ ಕಟ್ಟಬೇಕು. ಬೇಸಗೆಯಲ್ಲಿ ವಾಸನೆ ಬಂದದ್ದನ್ನು ಚೆಲ್ಲಿರಿ. ಮೊಳಕೆಯನ್ನು ಯಾವಾಗಲೂ ಬೇಯಿಸಿಯೇ ತಿನ್ನಿರಿ.

ಐದು ಅಡಿಗೆಗಳು

(ಪ್ರಮಾಣವೆಲ್ಲ ಇಬ್ಬರಿಗೆ. ಲೋಟವೆಂದರೆ ನೀರು ಕುಡಿಯುವ ಸಾಮಾನ್ಯ ಲೋಟ.)

1. ಮೊಳಕೆ ಕಾಳಿನ ಉಸಲಿ. ಎರಡು ಚಮಚ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ, ಕರಿಬೇವು, ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿ ಹಾಕಿರಿ. ಎರಡೂವರೆ ಲೋಟ ಮೊಳಕೆ ಕಾಳು, ಅರಿಸಿನ, ಖಾರ, ಉಪ್ಪು, ಅರ್ಧ ಲೋಟ ನೀರು ಸೇರಿಸಿ ಮುಚ್ಚಿ ಹದಿನೈದು ನಿಮಿಷ ಬೇಯಿಸಿರಿ. ಮೇಲೆ ನಿಂಬೆರಸ, ಶೇಂಗಾ ಹಿಂಡಿ. ಬಟ್ಟಲಲ್ಲಿ ಹಾಕಿಕೊಂಡು ಚಮಚದಲ್ಲಿ ತಿಂದರೆ ರೊಟ್ಟಿಯ ನೆನಪಾಗದು.

2. ಜುಣಕದ ವಡಿ. ಒಂದು ಲೋಟ ಕಡಲೆಹಿಟ್ಟನ್ನು ಎರಡು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿರಿ. ಬಾಣಲೆಯಲ್ಲಿ ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಈರುಳ್ಳಿ, ಅರಿಸಿನ ಬಾಡಿಸಿ, ಹಿಟ್ಟಿನ ನೀರನ್ನು ಸುರಿದು ಕೈಬಿಡದೆ ತಿರುವಿರಿ. ಗಟ್ಟಿಯಾದ ಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡಿರಿ. ಎಣ್ಣೆ ಸವರಿದ ತಟ್ಟೆಗೆ ಹರಡಿ, ಆರಿದ ಮೇಲೆ ವಡಿಗಳಾಗಿ ಕೊಯ್ಯಿರಿ. ರಾತ್ರಿ ಮಜ್ಜಿಗೆಯ ಜೊತೆ ತಿಂದು, ಉಳಿದುದನ್ನು ಬೆಳಗ್ಗೆ ಬುತ್ತಿಗೆ ಒಯ್ಯಬಹುದು; ಬೇಸಗೆಯಲ್ಲಿ ಮಾತ್ರ ಉಳಿಸಬೇಡಿರಿ. ಐದರಲ್ಲಿ ಅತಿ ಬೇಗ ಆಗುವುದು ಇದೇ.

3. ಹೆಸರಿನ ದೋಸೆ. ಇಲ್ಲಿಯವರ ಪೆಸರಟ್ಟು. ಕೆಲಸಕ್ಕೆ ಹೋಗುವಾಗ ಒಂದು ಲೋಟ ಹೆಸರುಕಾಳು ನೆನೆ ಹಾಕಿರಿ. ಬಂದ ಮೇಲೆ ತೊಳೆದು ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ರುಬ್ಬಿ, ಕೂಡಲೇ ಹಂಚಿಗೆ ಹಾಕಿರಿ. ಹುಳಿ ಬರಿಸುವ ಕೆಲಸವಿಲ್ಲ. ಗರಿಯಾಗಲೆಂದು ಹಲವರು ಒಂದು ಹಿಡಿ ಅಕ್ಕಿ ಸೇರಿಸುತ್ತಾರೆ. ಅದಿಲ್ಲದೆಯೂ ಚೆನ್ನಾಗಿ ಏಳುತ್ತದೆ. ಬಿಸಿಲು ಜೋರಾದ ತಿಂಗಳಲ್ಲಿ ಇಡೀ ಕಾಳಿಗೆ ಬದಲು ಹೆಸರುಬೇಳೆಯನ್ನು ಬಂದ ಮೇಲೆ ಒಂದು ಗಂಟೆ ನೆನೆಸಿದರೆ ಸಾಕು.

4. ಪುಂಡಿ ಬೇಳೆ. ನಮ್ಮ ಪುಂಡಿಪಲ್ಯಕ್ಕೆ ಜೋಳದ ನುಚ್ಚು ಹಾಕುವುದು ವಾಡಿಕೆ. ಅದನ್ನು ಬಿಟ್ಟು, ಮುಕ್ಕಾಲು ಲೋಟ ತುಂಡು ತೊಗರಿಬೇಳೆಯ ಜೊತೆಗೆ ಒಂದು ಹಿಡಿ ಕಡಲೆಬೇಳೆ ಹಾಕಿರಿ. ಒಂದು ಕಟ್ಟು ಪುಂಡಿ, ನಾಲ್ಕು ಹಸಿಮೆಣಸಿನಕಾಯಿ, ಎರಡು ಲೋಟ ನೀರಿನೊಡನೆ ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ, ಕಡೆದು, ಬೆಳ್ಳುಳ್ಳಿಯ ಒಗ್ಗರಣೆ ಕೊಡಿರಿ. ಚಮಚ ನಿಲ್ಲುವಷ್ಟು ಗಟ್ಟಿಯಿರಬೇಕು. ಹಸಿ ಈರುಳ್ಳಿ ಜೊತೆಗಿರಲಿ.

5. ಗೆಣಸು, ಮೊಟ್ಟೆ. ಅರ್ಧ ಕಿಲೋ ಗೆಣಸು ಬೇಯಿಸಿ ಸಿಪ್ಪೆ ಸುಲಿದು ಹೆಚ್ಚಿರಿ. ಜೀರಿಗೆ ಒಗ್ಗರಣೆಯಲ್ಲಿ ಹೊರಳಿಸಿ ಶೇಂಗಾ ಹಿಂಡಿ ಉದುರಿಸಿರಿ. ಗೆಣಸು ಬೇಯುವಷ್ಟರಲ್ಲಿ ಈರುಳ್ಳಿ, ಟೊಮೇಟೊ ಬಾಡಿಸಿಟ್ಟು, ಕೊನೆಗೆ ಅದರ ಮೇಲೆ ನಾಲ್ಕು ಮೊಟ್ಟೆ ಒಡೆದು ಹಾಕಿ ಮುಚ್ಚಿದರೆ ಐದು ನಿಮಿಷದಲ್ಲಿ ಗಟ್ಟಿಯಾಗುತ್ತವೆ. ಮೊಟ್ಟೆ ತಿನ್ನದವರು ಮೊಸರನ್ನೋ ಬೇಯಿಸಿದ ಅಲಸಂದೆಯನ್ನೋ ಇಟ್ಟುಕೊಳ್ಳಲಿ.

ಎಚ್ಚರಿಕೆಯ ಮಾತು

ಸಕ್ಕರೆ ಕಾಯಿಲೆಗೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಓದಿ ನಾಳೆಯೇ ಧಾನ್ಯ ಬಿಡಕೂಡದು. ಔಷಧಿಯ ಅಳತೆ ಹಾಗೆಯೇ ಇದ್ದು ಊಟದ ಪಿಷ್ಟ ತಟ್ಟನೆ ಇಳಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಇದರ ಲಕ್ಷಣ. ಸಾರುವೆಯ ಮೇಲೆ ನಿಂತು ಕೆಲಸ ಮಾಡುವವನಿಗೆ ಇದು ಪ್ರಾಣದ ಮಾತು. ಮೊದಲು ವೈದ್ಯರನ್ನು ಕೇಳಿರಿ. ಮೂತ್ರಪಿಂಡದ ತೊಂದರೆಯುಳ್ಳವರೂ ಬೇಳೆಕಾಳು ಹೆಚ್ಚಿಸುವ ಮುಂಚೆ ಕೇಳಬೇಕು.

ಗೋಧಿ ಮುಟ್ಟಲೇಬಾರದೆಂದು ವೈದ್ಯರು ಹೇಳಿದವರಿಗೆ ಇನ್ನೊಂದು ಸೂಚನೆ: ಪೇಟೆಯ ಇಂಗಿನ ಪುಡಿಯಲ್ಲಿ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ. ಡಬ್ಬಿಯ ಮೇಲಿನ ಅಕ್ಷರ ಓದಿ ಕೊಳ್ಳಿರಿ.

ಹೊರೆ ಹೊರುವವರು ಬೆಳಗಿನ, ಮಧ್ಯಾಹ್ನದ ರೊಟ್ಟಿ ಅನ್ನ ಬಿಡುವುದು ಬೇಡ. ದಿನವಿಡೀ ಮೈ ಮುರಿದು ದುಡಿಯುವವರಿಗೆ ಶಕ್ತಿ ಹೆಚ್ಚು ಬೇಕು. ಅಲ್ಲದೆ ಕಾಳಿನ ಪ್ರೋಟೀನಿನಲ್ಲಿ ಕಡಮೆಯಿರುವ ಅಂಶ ಧಾನ್ಯದಲ್ಲಿದೆ, ಧಾನ್ಯದಲ್ಲಿ ಕಡಮೆಯಿರುವುದು ಕಾಳಿನಲ್ಲಿದೆ. ದಿನದಲ್ಲಿ ಎರಡೂ ಹೊಟ್ಟೆ ಸೇರುವುದು ಒಳ್ಳೆಯದು. ಕಾಳಿನಿಂದ ವಾಯು ಎನ್ನುವವರು ಚೆನ್ನಾಗಿ ನೆನೆಸಿ, ನೆನೆಸಿದ ನೀರು ಚೆಲ್ಲಿ, ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಕೊಳ್ಳಲಿ.

ಕೊನೆಯದಾಗಿ

ಬೇಳೆಯ ಕಿಲೋ ದರ ಅಕ್ಕಿಗಿಂತ ಹೆಚ್ಚು, ನಿಜ. ಆದರೆ ನಾವು ಹೋಲಿಸಬೇಕಾದದ್ದು ಅಕ್ಕಿಯೊಡನೆ ಅಲ್ಲ, ಹೋಟೆಲಿನ ಪೊಟ್ಟಣದೊಡನೆ. ಒಂದು ತಿಂಗಳು ಹೋಟೆಲಿಗೆ ಕೊಟ್ಟದ್ದನ್ನೂ, ಮುಂದಿನ ತಿಂಗಳು ಕಾಳು ಸೊಪ್ಪಿಗೆ ಕೊಟ್ಟದ್ದನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟು ನೋಡಿರಿ. ಲೆಕ್ಕ ತಾನೇ ಮಾತಾಡುತ್ತದೆ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಊರಿನಲ್ಲಿ ಬಡಿಸುವವರಿದ್ದರು, ನಾವು ಬಲ್ಲವರಾಗಬೇಕಾದ ಅವಶ್ಯಕತೆ ಇರಲಿಲ್ಲ. ಇಲ್ಲಿ ಬಲ್ಲವರಾಗದೆ ಗತಿಯಿಲ್ಲ. ಬರುವ ವಾರ ಒಂದು ರಾತ್ರಿ ಜುಣಕದಿಂದ ಆರಂಭಿಸಿರಿ. ನಿಮ್ಮ ನಿಮ್ಮ ಮನೆಗಳ ಇಂಥ ಅಡಿಗೆ ಬೇರೆ ಯಾವುದಾದರೂ ಇದ್ದರೆ ಬರೆದು ವಾಚನಾಲಯದ ಮೇಜಿನ ಮೇಲೆ ಇಡಿರಿ. ಮುಂದಿನ ಸಂಚಿಕೆಗಳಲ್ಲಿ ಎಲ್ಲರಿಗೂ ದೊರೆಯಲಿ.